ಬಣ್ಣ ಮಂಕಾದರೂ ತೌಡು ತೆಗೆಯೋದಿಲ್ಲ: ಸಿರಿಧಾನ್ಯ ಮಿಲ್ಲಿನಿಂದ ನನ್ನ ಅನುಭವ

ಸಿರಿಧಾನ್ಯದ ಪ್ಯಾಕೆಟ್ ಹಿಂದೆ ಒಂದು ಸಾಲು ಇದ್ದೇ ಇರುತ್ತದೆ: ಆಂಟಿಆಕ್ಸಿಡೆಂಟ್ ಹೇರಳ, ಉರಿಯೂತ ತಗ್ಗಿಸುತ್ತದೆ. ಆಂಟಿಆಕ್ಸಿಡೆಂಟ್ ಅಂದರೆ ಮೈಯ ಜೀವಕೋಶಗಳಿಗೆ ಹಾನಿಯಾಗದಂತೆ ಕಾಯುವ ವಸ್ತು. ಸುಳ್ಳು ಅಂತ ನಾನು ಹೇಳೋದಿಲ್ಲ. ಆದರೆ ಆ ಗುಣ ಹೊಲದಿಂದ ಬಂದ ಕಾಳಿನದ್ದು. ಪ್ಯಾಕೆಟ್ಟಿನೊಳಗೆ ಅದು ಎಷ್ಟು ಉಳಿದಿದೆ ಅನ್ನೋದು ಮೊದಲು ಮಿಲ್ಲಿನವರ ಕೈಲಿದೆ, ಆಮೇಲೆ ಅಡುಗೆ ಮಾಡುವವರ ಕೈಲಿದೆ. ನಾನು ಎರಡೂ ಕೆಲಸ ಮಾಡುವವಳು. ತುಮಕೂರು ಜಿಲ್ಲೆಯಲ್ಲಿ ನಮ್ಮದೊಂದು ಸಣ್ಣ ಮಿಲ್ಲು. ಸುತ್ತಲಿನ ರೈತರ ರಾಗಿ, ಸಾಮೆ, ಕೊರಲೆ ಇಲ್ಲಿಗೆ ಬರುತ್ತದೆ. ನವಣೆ, ಹಾರಕ, ಸಜ್ಜೆಯನ್ನು ಬೇರೆ ಕಡೆಯಿಂದ ತರಿಸುತ್ತೇವೆ.

ಸಾಮೆಯ ಒಂದು ಕಾಳನ್ನು ಉಗುರಲ್ಲಿ ಒತ್ತಿ ನೋಡಿ. ಮೇಲಿನ ನುಣುಪಾದ ಹೊಟ್ಟು ಬಿರಿಯುತ್ತದೆ. ಅದನ್ನು ತಿನ್ನೋಕಾಗಲ್ಲ, ತೆಗೆಯಲೇಬೇಕು. ಒಳಗಿನ ಕಾಳಿನ ಮೇಲೆ ಇನ್ನೊಂದು ತೆಳು ಪದರ ಅಂಟಿಕೊಂಡಿರುತ್ತದೆ, ಸ್ವಲ್ಪ ಬೂದು ಬಣ್ಣದ್ದು. ಅದೇ ತೌಡು. ನಾವು ಮಾತಾಡುತ್ತಿರುವ ಗುಣವೆಲ್ಲ ಹೆಚ್ಚುಕಡಿಮೆ ಅಲ್ಲೇ ಇದೆ. ಅದನ್ನು ಉಜ್ಜಿ ತೆಗೆದರೆ ಕಾಳು ಬೆಳ್ಳಗೆ ಚೆಂದ ಕಾಣುತ್ತದೆ, ಬೇಗ ಬೇಯುತ್ತದೆ, ಜಾಸ್ತಿ ದಿನ ಕೆಡದೆ ಇರುತ್ತದೆ. ಅಂಗಡಿಯವರಿಗೂ ಗಿರಾಕಿಗೂ ಅದೇ ಬೇಕು. "ಅಕ್ಕಾ, ನಿಮ್ಮ ಸಾಮೆ ಯಾಕೆ ಇಷ್ಟು ಮಂಕು? ಹಳೇದಾ?" ಅಂತ ಕೇಳದ ವಾರವಿಲ್ಲ.

ಹೊಟ್ಟು ತೆಗೆಯುವ ಯಂತ್ರದಲ್ಲೇ ಅರ್ಧ ತೀರ್ಮಾನ ಆಗಿಹೋಗುತ್ತದೆ. ಎಮರಿ ಕಲ್ಲಿನ ಯಂತ್ರ ಕಾಳನ್ನು ಉಜ್ಜುತ್ತದೆ. ಹೊಟ್ಟಿನ ಜೊತೆ ತೌಡೂ ಹೋಗುತ್ತದೆ, ಮೊಳಕೆಯ ಮೂತಿಯೂ ಹೋಗುತ್ತದೆ. ನಾವು ಇಟ್ಟಿರೋದು ಸೆಂಟ್ರಿಫ್ಯೂಗಲ್ ಹಲ್ಲರ್. ಒಳಗೆ ತಿರುಗುವ ಚಕ್ರ ಕಾಳನ್ನು ಗೋಡೆಗೆ ಎಸೆಯುತ್ತದೆ, ಆ ಪೆಟ್ಟಿಗೆ ಹೊಟ್ಟು ಬಿರಿಯುತ್ತದೆ, ಗಾಳಿ ಅದನ್ನು ಹೊರಗೆ ಊದಿಬಿಡುತ್ತದೆ. ಉಜ್ಜುವ ಕೆಲಸ ಇಲ್ಲದ್ದರಿಂದ ತೌಡು ಬಹುಪಾಲು ಉಳಿಯುತ್ತದೆ. ಕಷ್ಟ ಏನಂದ್ರೆ ಒಂದೇ ಸಲಕ್ಕೆ ಎಲ್ಲ ಕಾಳೂ ಹೊಟ್ಟು ಬಿಡೋದಿಲ್ಲ. ಬಿಡದ್ದನ್ನು ಜರಡಿಯಲ್ಲಿ ಬೇರೆ ಮಾಡಿ ಮತ್ತೆ ಹಾಕಬೇಕು. ಕಾಳು ಹಸಿಯಾಗಿದ್ದರೆ ಹೊಟ್ಟು ಜಗ್ಗೋದೇ ಇಲ್ಲ, ಅತಿಯಾಗಿ ಒಣಗಿದ್ದರೆ ನುಚ್ಚಾಗುತ್ತದೆ. ತೇವ ಅಳೆಯುವ ಮೀಟರ್ ಇದೆ, ಆದರೂ ನಾನು ಹಲ್ಲಲ್ಲಿ ಕಚ್ಚಿ ನೋಡುತ್ತೇನೆ. ಟಕ್ ಅಂತ ಒಡೆದರೆ ಯಂತ್ರಕ್ಕೆ ಹಾಕಬಹುದು. ಹಾರಕ ಮಾತ್ರ ಎಲ್ಲರಿಗೂ ಬೆವರಿಳಿಸುತ್ತದೆ. ಅದರ ಹೊಟ್ಟು ಪದರ ಪದರ.

ಆಂಟಿಆಕ್ಸಿಡೆಂಟ್ ಅನ್ನೋದು ಒಂದೇ ವಸ್ತು ಅಲ್ಲ. ಸಿರಿಧಾನ್ಯದಲ್ಲಿ ಮುಖ್ಯವಾಗಿ ಇರೋದು ಫೀನಾಲಿಕ್ ಗುಂಪು: ಫೆರುಲಿಕ್ ಆಮ್ಲ, ಕ್ಯಾಟೆಚಿನ್, ಟ್ಯಾನಿನ್ ಇತ್ಯಾದಿ. ಗಿಡ ಇವನ್ನು ನಮಗೋಸ್ಕರ ಮಾಡೋದಿಲ್ಲ. ಬೀಜವನ್ನು ಬೂಷ್ಟಿನಿಂದ, ಹುಳುವಿನಿಂದ ಉಳಿಸಿಕೊಳ್ಳೋಕೆ ಮಾಡಿಕೊಳ್ಳುತ್ತದೆ. ಕಾವಲುಗಾರ ಬಾಗಿಲ ಹೊರಗೇ ನಿಲ್ಲಬೇಕಲ್ವಾ, ಹಾಗಾಗಿ ಇವು ಹೊರಪದರದಲ್ಲೇ ಜಾಸ್ತಿ. ಬಣ್ಣವೂ ಸ್ವಲ್ಪ ಸುಳಿವು ಕೊಡುತ್ತದೆ. ಕೆಂಪು ರಾಗಿಯಲ್ಲಿ ಇರುವಷ್ಟು ಟ್ಯಾನಿನ್ ಬಿಳಿ ರಾಗಿಯಲ್ಲಿ ಇರೋದಿಲ್ಲ. ನವಣೆಯ ಹಳದಿ ಬರೋದು ಬಣ್ಣದ ವಸ್ತುಗಳಾದ ಲ್ಯೂಟಿನ್, ಝಿಯಾಕ್ಸಾಂಥಿನ್‌ಗಳಿಂದ.

ಲ್ಯಾಬಿನಲ್ಲಿ ಈ ಶಕ್ತಿಯನ್ನು ಅಳೆಯುವ ಒಂದು ವಿಧಾನ ನೋಡೋಕೆ ಬಲು ಸರಳ. ಡಿಪಿಪಿಎಚ್ ಅನ್ನೋ ನೇರಳೆ ದ್ರಾವಣಕ್ಕೆ ಕಾಳಿನ ಸಾರ ಹಾಕುತ್ತಾರೆ. ನೇರಳೆ ಹೋಗಿ ಹಳದಿಗೆ ತಿರುಗಿದಷ್ಟೂ ಕಾಳಿನ ಶಕ್ತಿ ಹೆಚ್ಚು. ಹಲವು ಕಿರುಧಾನ್ಯಗಳನ್ನು ಹೀಗೆ ಒಟ್ಟಿಗೆ ಅಳೆದಾಗ ಹಾರಕ ಉಳಿದವನ್ನೆಲ್ಲ ಹಿಂದೆ ಹಾಕಿತ್ತು. ಅದೇ ಪರೀಕ್ಷೆಯಲ್ಲಿ ಹೊರಪದರ ತೆಗೆದಾಗ, ಹುರಿದಾಗ, ಬೇಯಿಸಿದಾಗ ಶಕ್ತಿ ಇಳಿದದ್ದೂ ಕಂಡಿತು. ಬೇಯಿಸದೆ ತಿನ್ನೋಕಂತೂ ಆಗಲ್ಲ. ಹಾಗಾಗಿ ತಪ್ಪಿಸಬಹುದಾದ ನಷ್ಟವನ್ನಾದರೂ ತಪ್ಪಿಸೋಣ ಅಂತ ನನ್ನ ಲೆಕ್ಕ.

ರಾಗಿಯ ದಾರಿ ಬೇರೆ. ಅದರ ಕೆಂಪು ಸಿಪ್ಪೆ ಕಾಳಿಗೆ ಕಚ್ಚಿಕೊಂಡಿರುತ್ತದೆ, ಒಳಗಿನ ಹಿಟ್ಟು ಮೆದು. ಉಜ್ಜಿದರೆ ಕಾಳೇ ಪುಡಿಯಾಗುತ್ತದೆ. ಸಿಪ್ಪೆ ಬಿಡಿಸೋಕೆ ಅಂತಲೇ ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನವರು ಕಾಳನ್ನು ನೆನೆಸಿ, ಹಬೆಯಲ್ಲಿ ಬೇಯಿಸಿ, ಒಣಗಿಸಿ ಗಟ್ಟಿ ಮಾಡುವ ವಿಧಾನ ಹುಡುಕಬೇಕಾಯಿತು. ನಮ್ಮ ಮುದ್ದೆ ಹಿಟ್ಟು ಯಾವತ್ತೂ ಸಿಪ್ಪೆ ಸಮೇತವೇ. ಎಳೆ ಮಕ್ಕಳಿಗೆ ಉಣಿಸುವ ರಾಗಿ ಮಣ್ಣಿಗೆ ಬಟ್ಟೆಯಲ್ಲಿ ಸೋಸೋದು ಸರಿ. ದೊಡ್ಡವರ ಮುದ್ದೆಗೂ ವಸ್ತ್ರಗಾಳಿತ ಮಾಡಿಕೊಡಿ ಅಂತ ಯಾರಾದರೂ ಬಂದರೆ ನಾನು ಒಪ್ಪೋದಿಲ್ಲ.

ಕೆಂಪು ರಾಗಿಯನ್ನು ರಾತ್ರಿ ನೆನೆಹಾಕಿ ಬೆಳಿಗ್ಗೆ ನೀರು ನೋಡಿ. ಕೆಂಪು ಕಂದು ಬಣ್ಣಕ್ಕೆ ತಿರುಗಿರುತ್ತದೆ. ಬಾಯಿಗೆ ಹಾಕಿದರೆ ಸ್ವಲ್ಪ ಒಗರು. ಆ ನೀರನ್ನು ಕಬ್ಬಿಣದ ಬಾಣಲೆಯಲ್ಲಿ ಬಿಟ್ಟರೆ ನಿಧಾನಕ್ಕೆ ಕಪ್ಪಾಗುತ್ತದೆ. ಟ್ಯಾನಿನ್ ಕಬ್ಬಿಣವನ್ನು ಹಿಡಿದುಕೊಂಡ ಗುರುತು ಅದು. ಹೊಟ್ಟೆಯಲ್ಲೂ ಇದೇ ಕೆಲಸ ನಡೆಯುತ್ತದೆ. ಊಟದಲ್ಲಿರುವ ಕಬ್ಬಿಣದ ಅಂಶ ಸರಿಯಾಗಿ ಮೈಗೆ ಹತ್ತೋದಿಲ್ಲ. ಅಂದರೆ ಆಂಟಿಆಕ್ಸಿಡೆಂಟ್ ಅಂತ ಹೊಗಳುವ ವಸ್ತುವೇ ರಕ್ತ ಕಡಿಮೆ ಇರುವವರಿಗೆ ಅಡ್ಡಿ. ಹಿಮೋಗ್ಲೋಬಿನ್ ಕಡಿಮೆ ಇರುವ ಹೆಣ್ಣುಮಕ್ಕಳು ಬಂದಾಗ ನಾನು ಮೊಳಕೆ ಕಟ್ಟಿದ ರಾಗಿ ಹಿಟ್ಟನ್ನೇ ಕೊಡುತ್ತೇನೆ. ನೆನೆಸಿದ ನೀರಿನ ಜೊತೆ ಅದರ ಟ್ಯಾನಿನ್ ಸ್ವಲ್ಪ ಹೋಗಿರುತ್ತದೆ. ಜೊತೆಗೆ ಸೊಪ್ಪಿನ ಬಸ್ಸಾರಿಗೆ ನಿಂಬೆಹಣ್ಣು ಹಿಂಡಿಕೊಳ್ಳಿ, ಊಟವಾದ ತಕ್ಷಣ ಕಾಫಿ ಕುಡಿಯಬೇಡಿ ಅಂತ ಹೇಳುತ್ತೇನೆ.

ಮೊಳಕೆ ಹಿಟ್ಟು ನಮ್ಮ ಮಿಲ್ಲಿನಲ್ಲಿ ಜಾಸ್ತಿ ಹೋಗುವ ಮಾಲು. ರಾಗಿಯನ್ನು ಕಲ್ಲು ಹೋಗುವಂತೆ ಜಾಲಿಸಿ ತೊಳೆದು ರಾತ್ರಿಯಿಡೀ ನೆನೆಸುತ್ತೇವೆ. ಬೆಳಿಗ್ಗೆ ಆ ಕೆಂಪು ನೀರು ಬಸಿದು ಇನ್ನೊಮ್ಮೆ ತೊಳೆದು ಹತ್ತಿ ಬಟ್ಟೆಯಲ್ಲಿ ಕಟ್ಟುತ್ತೇವೆ. ಬೇಸಿಗೆಯಲ್ಲಿ ಮಾರನೇ ದಿನಕ್ಕೇ ಬಿಳಿ ಮೂತಿ ಹೊರಬಂದಿರುತ್ತದೆ, ಚಳಿಯಲ್ಲಿ ಇನ್ನೊಂದು ದಿನ ಬೇಕು. ಗಂಟು ಬಿಚ್ಚಿದಾಗ ಹಸಿ ಸೌತೆಕಾಯಿ ವಾಸನೆ ಬಂದರೆ ಸರಿಯಾಗಿದೆ. ಹುಳಿ ವಾಸನೆ ಬಂದರೆ ಆ ಗಂಟು ದನಕ್ಕೂ ಬೇಡ. ಆಮೇಲೆ ಒಣಗಿಸಿ, ಕೈಯಲ್ಲಿ ಉಜ್ಜಿ ಬೇರು ಉದುರಿಸಿ, ಮೊರದಲ್ಲಿ ಕೇರಿ, ಸಣ್ಣ ಉರಿಯಲ್ಲಿ ಘಮ್ ಅನ್ನುವವರೆಗೆ ಹುರಿದು ಬೀಸುತ್ತೇವೆ. ಕರಿಕಾಗುವಷ್ಟು ಹುರಿಯೋದಿಲ್ಲ.

ನೆನೆಸಿದ ನೀರಲ್ಲಿ ಟ್ಯಾನಿನ್ ಹೋದರೆ ಗುಣವೂ ಹೋಯಿತಲ್ಲ ಅನ್ನಿಸಬಹುದು. ಪೂರ್ತಿ ಹಾಗಲ್ಲ. ಕಾಳಿನ ಫೆರುಲಿಕ್ ಆಮ್ಲದ ಬಹುಪಾಲು ನಾರಿಗೆ ಕಟ್ಟಿಕೊಂಡೇ ಇರುತ್ತದೆ. ಮೊಳಕೆ ಒಡೆಯುವಾಗ ಕಾಳಿನೊಳಗಿನ ಕಿಣ್ವಗಳು ಆ ಕಟ್ಟನ್ನು ಬಿಚ್ಚುತ್ತವೆ. 2002ರಲ್ಲಿ ಸಿಎಫ್‌ಟಿಆರ್‌ಐ ವಿಜ್ಞಾನಿಗಳು ಪ್ರಕಟಿಸಿದ ಅಧ್ಯಯನದಲ್ಲೂ ಇದೇ ಕಂಡಿತ್ತು: ಮೊಳಕೆ ಕಟ್ಟಿದ ಮೇಲೆ ಬಿಡಿಯಾಗಿರುವ ಫೀನಾಲಿಕ್‌ಗಳ ಆಂಟಿಆಕ್ಸಿಡೆಂಟ್ ಶಕ್ತಿ ಏರಿತು, ಕಟ್ಟಿಕೊಂಡಿರುವವುಗಳದ್ದು ಇಳಿಯಿತು. ಒಂದು ಕಡೆ ಕಳೆದುಕೊಂಡು ಇನ್ನೊಂದು ಕಡೆ ಗಳಿಸೋದು. ಆದರೆ ಸಕ್ಕರೆ ಕಾಯಿಲೆ ಇರುವವರಿಗೆ ಈ ಹಿಟ್ಟನ್ನು ನಾನಾಗಿ ಕೊಡೋದಿಲ್ಲ. ಮೊಳಕೆಯಲ್ಲಿ ಪಿಷ್ಟವೂ ಒಡೆದಿರುತ್ತದೆ. ತೆಳ್ಳಗೆ ಗಂಜಿ ಕಾಯಿಸಿ ಕುಡಿದರೆ ಶುಗರ್ ಬೇಗ ಏರುತ್ತದೆ. ಅವರಿಗೆ ಸಾಮೆ ಅನ್ನ, ನವಣೆ ಅನ್ನ, ಕಾಳು ಕಾಳಾಗಿ ಬೇಯಿಸಿದ್ದೇ ವಾಸಿ.

ಸಜ್ಜೆಯದ್ದೊಂದು ತಮಾಷೆ ಇದೆ, ಮಕ್ಕಳು ಬಂದರೆ ತೋರಿಸುತ್ತೇನೆ. ಸಜ್ಜೆ ಹಿಟ್ಟಿಗೆ ನೀರು ಹಾಕಿ ಎರಡು ಉಂಡೆ ಮಾಡಿ. ಒಂದಕ್ಕೆ ಚಿಟಿಕೆ ಅಡುಗೆ ಸೋಡಾ, ಇನ್ನೊಂದಕ್ಕೆ ಹುಳಿ ಮಜ್ಜಿಗೆ. ಸೋಡಾ ಹಾಕಿದ್ದು ಹಳದಿ ಹಸಿರಿಗೆ ತಿರುಗುತ್ತದೆ, ಮಜ್ಜಿಗೆಯದ್ದು ಬಿಳಿಚಿಕೊಳ್ಳುತ್ತದೆ. ಸಜ್ಜೆಗೆ ಆ ಬೂದು ಬಣ್ಣ ಕೊಡುವ ಫ್ಲೇವೋನ್‌ಗಳೇ ಈ ಆಟ ಆಡೋದು. ಇವೂ ಆಂಟಿಆಕ್ಸಿಡೆಂಟ್ ಗುಂಪಿನವೇ. ಇವೇ ಥೈರಾಯ್ಡ್ ಕೆಲಸಕ್ಕೆ ಅಡ್ಡ ಬರುತ್ತವೆ ಅಂತಲೂ ಗೊತ್ತಾಗಿದೆ, ಅದರಲ್ಲೂ ಅಯೋಡಿನ್ ಕೊರತೆ ಇರುವ ಕಡೆ ಸಜ್ಜೆಯೇ ಮೂರು ಹೊತ್ತಿನ ಊಟವಾದಾಗ. ಸಂಕ್ರಾಂತಿ ಭೋಗಿಗೆ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ತಿಂದರೆ ಏನೂ ಆಗಲ್ಲ. ಥೈರಾಯ್ಡ್ ಮಾತ್ರೆ ನುಂಗುವವರು ದಿನಾ ಅದನ್ನೇ ತಿನ್ನೋದು ಬೇಡ ಅಂತ ಮಾತ್ರ ಹೇಳುತ್ತೇನೆ.

ಇನ್ನು ಉರಿಯೂತ. "ಅಕ್ಕಾ, ಕೊರಲೆ ತಿಂದರೆ ಮಂಡಿ ನೋವು ಹೋಗುತ್ತಂತೆ?" ಅಂತ ಕೇಳುತ್ತಾರೆ. ನಾನು ಹೂಂ ಅನ್ನೋದಿಲ್ಲ. ಹೂಂ ಅಂದರೆ ಎರಡು ಕೆಜಿ ಜಾಸ್ತಿ ಹೋಗುತ್ತೆ, ಗೊತ್ತು. ಉರಿಯೂತ ತಗ್ಗಿಸುವ ಫಲಿತಾಂಶಗಳು ಹೆಚ್ಚಾಗಿ ಬಂದಿರೋದು ಲ್ಯಾಬಿನ ಜೀವಕೋಶಗಳಲ್ಲಿ, ಇಲಿಗಳಲ್ಲಿ. ಮನುಷ್ಯರ ಮೇಲೆ ಗಟ್ಟಿಯಾಗಿ ಸಿಕ್ಕಿರೋದು ರಕ್ತದ ಸಕ್ಕರೆಯ ಲೆಕ್ಕ. ಹೈದರಾಬಾದಿನ ಬೆಳೆ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್ ಮುಂದಾಳತ್ವದಲ್ಲಿ ಹಲವು ಅಧ್ಯಯನಗಳನ್ನು ಒಟ್ಟು ಮಾಡಿ 2021ರಲ್ಲಿ ಪ್ರಕಟಿಸಿದ ವಿಶ್ಲೇಷಣೆ ಇದೆ. ಮಧುಮೇಹಿಗಳು ಬಹಳ ದಿನ ಸಿರಿಧಾನ್ಯ ತಿಂದಾಗ ಖಾಲಿ ಹೊಟ್ಟೆಯ ಸಕ್ಕರೆ ಶೇ. 12ರಷ್ಟು, ಊಟದ ನಂತರದ್ದು ಶೇ. 15ರಷ್ಟು ಇಳಿಯಿತು ಅಂತ ಅದು ಹೇಳುತ್ತದೆ. ಸಕ್ಕರೆ ಪದೇ ಪದೇ ಏರಿದರೆ ರಕ್ತನಾಳಗಳಲ್ಲಿ ಉರಿಯೂತವೂ ಕೂರುತ್ತದೆ, ಹಾಗಾಗಿ ಆ ದಾರಿಯಿಂದ ಲಾಭ ಇದೆ. ಇನ್ನೊಂದು ದಾರಿ ನಾರಿನದ್ದು. ಜೀರ್ಣವಾಗದ ನಾರು ದೊಡ್ಡ ಕರುಳಿಗೆ ಇಳಿದಾಗ ಅಲ್ಲಿನ ಬ್ಯಾಕ್ಟೀರಿಯಾ ಅದನ್ನು ಹುದುಗಿಸಿ ಬ್ಯುಟಿರೇಟ್ ಮಾಡುತ್ತವೆ. ಅದು ಕರುಳಿನ ಗೋಡೆಗೆ ಆಹಾರ, ಅಲ್ಲಿನ ಉರಿಯೂತಕ್ಕೆ ತಡೆ. ನಾರಿಗೆ ಕಟ್ಟಿಕೊಂಡ ಫೆರುಲಿಕ್ ಆಮ್ಲ ಬಿಡುಗಡೆಯಾಗೋದೂ ಬಹುಮಟ್ಟಿಗೆ ಅಲ್ಲೇ. ಮಂಡಿ ನೋವಿನ ಅಜ್ಜಿಗೆ ಇಷ್ಟೆಲ್ಲ ಹೇಳೋಕಾಗುತ್ತಾ? "ಡಾಕ್ಟರ ಮಾತ್ರೆ ಬಿಡಬೇಡಿ ಅಜ್ಜಿ, ಅನ್ನದ ಬದಲು ಇದನ್ನು ಉಣ್ಣಿ" ಅಂತೀನಿ.

ಒಣಗಿಸೋದರ ಬಗ್ಗೆ ಮಾತ್ರ ನಾನು ಯಾರ ಮಾತೂ ಕೇಳೋದಿಲ್ಲ. ತೇವ ಉಳಿದ ಕಾಳಿಗೆ ಬೂಷ್ಟು ಹಿಡಿಯುತ್ತದೆ. 2024ರ ಅಕ್ಟೋಬರ್ ಕೊನೆಯಲ್ಲಿ ಮಧ್ಯಪ್ರದೇಶದ ಬಾಂಧವಗಢದಲ್ಲಿ 10 ಆನೆಗಳು ಸತ್ತದ್ದು ನೆನಪಿರಬಹುದು. ಹೊಲದಲ್ಲಿದ್ದ ಹಾರಕ ತಿಂದಿದ್ದವು. ಅವುಗಳ ದೇಹದಲ್ಲಿ ಸಿಕ್ಕಿದ್ದು ಬೂಷ್ಟಿನಿಂದ ಬರುವ ಸೈಕ್ಲೋಪಿಯಾಝೋನಿಕ್ ಆಮ್ಲ ಅನ್ನೋ ವಿಷ. ಲ್ಯಾಬಿನಲ್ಲಿ ಮೊದಲ ಸ್ಥಾನ ಪಡೆದ ಅದೇ ಹಾರಕ! ಕೊಯ್ಲಿನ ಹೊತ್ತಿಗೆ ಮಳೆ ಬಿದ್ದ ಹಾರಕವನ್ನು ಎಷ್ಟು ಅಗ್ಗಕ್ಕೆ ಕೊಟ್ಟರೂ ನಾವು ಇಳಿಸಿಕೊಳ್ಳೋದಿಲ್ಲ.

ತೌಡು ಉಳಿಸಿದ ಕಾಳಿಗೆ ಇನ್ನೊಂದು ತಾಪತ್ರಯ ತೌಡಿನೊಳಗಿನ ಎಣ್ಣೆಯದ್ದು. ಹೊಟ್ಟು ತೆಗೆದ ಸಾಮೆ, ನವಣೆ ಎರಡು ಮೂರು ತಿಂಗಳು ದಾಟಿದರೆ ಕಮಟು ವಾಸನೆ ಹಿಡಿಯುತ್ತದೆ. ಹಾಗಾಗಿ ಹೊಟ್ಟು ಸಮೇತ ಇಟ್ಟುಕೊಂಡು, ಆರ್ಡರ್ ಬಂದ ಹಾಗೆ ಮಿಲ್ಲಿಗೆ ಹಾಕುತ್ತೇವೆ. ಸಜ್ಜೆಯಲ್ಲಿ ಎಣ್ಣೆ ಅಂಶ ಶೇ. 5ರ ಆಸುಪಾಸು, ರಾಗಿಯದ್ದಕ್ಕಿಂತ ಎರಡು ಪಟ್ಟಿಗೂ ಜಾಸ್ತಿ. ಬೀಸಿದ ಸ್ವಲ್ಪ ದಿನಕ್ಕೇ ಹಿಟ್ಟು ಕಹಿಯಾಗುತ್ತದೆ. ಸಜ್ಜೆ ಹಿಟ್ಟು ಬೇಕು ಅಂತ ದೂರದಿಂದ ಫೋನ್ ಮಾಡುವವರಿಗೆ ನಾನು ಕಾಳನ್ನೇ ಕಳಿಸುತ್ತೇನೆ. ವಾರಕ್ಕೆ ಬೇಕಾದಷ್ಟನ್ನು ತಮ್ಮ ಊರಿನ ಗಿರಣಿಯಲ್ಲಿ ಬೀಸಿಸಿಕೊಳ್ಳುತ್ತಾರೆ.