ಪ್ರಶ್ನೆ ವಿಭಾಗದ ಗೋಡೆ ದಾಟಲಿ: ಅಮೆರಿಕಕ್ಕೆ ಸಂಶೋಧನೆಗೆಂದು ಬಂದಿರುವವರಿಗೆ

ಎಂಜಿನಿಯರಿಂಗ್, ನರ್ಸಿಂಗ್, ವಾಸ್ತುಶಿಲ್ಪ, ನಗರ ಯೋಜನೆ ಇವುಗಳಲ್ಲೊಂದರಲ್ಲಿ ಪಿಎಚ್‌ಡಿಯನ್ನೋ ಪ್ರಬಂಧ ಬರೆಯಬೇಕಾದ ಸ್ನಾತಕೋತ್ತರ ಪದವಿಯನ್ನೋ ಮಾಡಲು ಅಮೆರಿಕದ ವಿಶ್ವವಿದ್ಯಾಲಯಕ್ಕೆ ಬಂದಿದ್ದೀರಿ. ಬಾಡಿಗೆ ಮನೆ, ಬ್ಯಾಂಕ್ ಖಾತೆ, ಬಸ್ ಪಾಸುಗಳ ಬಗ್ಗೆ ಹೇಳಿಕೊಡಲು ಹಿರಿಯ ವಿದ್ಯಾರ್ಥಿಗಳಿದ್ದಾರೆ. ಆದರೆ ಇಲ್ಲಿ ಸಂಶೋಧನೆ ಹೇಗೆ ನಡೆಯುತ್ತದೆ, ಅದರ ಹಣ ಎಲ್ಲಿಂದ ಬರುತ್ತದೆ, ಯಾರ ಅನುಮತಿ ಬೇಕು ಎಂಬುದನ್ನು ಯಾರೂ ಕೂರಿಸಿಕೊಂಡು ಹೇಳುವುದಿಲ್ಲ. ಒಂದೊಂದಾಗಿ ತಿಳಿಯುವಷ್ಟರಲ್ಲಿ ಎರಡು ವರ್ಷ ಕಳೆದಿರುತ್ತದೆ. ಅದಕ್ಕಾಗಿ ಇಷ್ಟನ್ನು ಬರೆಯುತ್ತಿದ್ದೇನೆ. ನಾನು ಹೇಳಬೇಕೆಂದಿರುವುದು ಮುಖ್ಯವಾಗಿ ಇದು: ನಿಮ್ಮ ಪ್ರಶ್ನೆಯನ್ನು ಒಂದೇ ವಿಭಾಗದೊಳಗೆ ಕಟ್ಟಿಹಾಕಬೇಡಿ, ಆದರೆ ಕಾಗದಪತ್ರಗಳಲ್ಲಿ ನಿಮ್ಮ ವಿಭಾಗದ ಗೆರೆಯನ್ನು ಸ್ವಲ್ಪವೂ ಮೀರಬೇಡಿ.

ಮೊದಲನೆಯದಕ್ಕೆ ಒಂದು ಉದಾಹರಣೆ ಕೊಡುತ್ತೇನೆ. 1984ರಲ್ಲಿ ರೋಜರ್ ಉಲ್ರಿಚ್ ಎಂಬ ಸಂಶೋಧಕರು 'ಸೈನ್ಸ್' ಪತ್ರಿಕೆಯಲ್ಲಿ ಒಂದು ಪುಟ್ಟ ಲೇಖನ ಪ್ರಕಟಿಸಿದರು. ಪೆನ್ಸಿಲ್ವೇನಿಯಾದ ಒಂದು ಆಸ್ಪತ್ರೆಯಲ್ಲಿ 1972ರಿಂದ 1981ರವರೆಗೆ ಪಿತ್ತಕೋಶದ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರ ದಾಖಲೆಗಳಿಂದ ಅವರು 46 ಜನರನ್ನು ಆರಿಸಿ 23 ಜೋಡಿಗಳನ್ನಾಗಿ ಮಾಡಿದರು. ಪ್ರತಿ ಜೋಡಿಯಲ್ಲಿ ಒಬ್ಬರ ಕಿಟಕಿಯಾಚೆ ಮರಗಳಿದ್ದವು, ಇನ್ನೊಬ್ಬರಿಗೆ ಇಟ್ಟಿಗೆ ಗೋಡೆ ಮಾತ್ರ ಕಾಣುತ್ತಿತ್ತು. ಮರ ಕಾಣುತ್ತಿದ್ದವರು ಸರಾಸರಿ ಸ್ವಲ್ಪ ಬೇಗ ಮನೆಗೆ ಹೋದರು, ಹೆಚ್ಚು ಪ್ರಬಲವಾದ ನೋವು ನಿವಾರಕಗಳನ್ನು ಕಡಿಮೆ ತೆಗೆದುಕೊಂಡರು. ಇಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದ ಸಂಗತಿ ಎಂದರೆ, ರೋಗಿಗಳ ಮನಃಸ್ಥಿತಿಯ ಮಾಹಿತಿ ಬಂದದ್ದು ಪಾಳಿಯಲ್ಲಿದ್ದ ನರ್ಸ್‌ಗಳು ಬರೆದಿಟ್ಟ ಟಿಪ್ಪಣಿಗಳಿಂದ. ಕಿಟಕಿ ವಾಸ್ತುಶಿಲ್ಪಿಯದು, ಟಿಪ್ಪಣಿ ನರ್ಸಿನದು. ಎರಡನ್ನೂ ಒಟ್ಟಿಗೆ ಓದಿದ್ದರಿಂದಲೇ ಆಸ್ಪತ್ರೆ ಕಟ್ಟುವವರು ಇಂದಿಗೂ ಉಲ್ಲೇಖಿಸುವ ಒಂದು ಅಧ್ಯಯನ ಹುಟ್ಟಿತು.

ಇಂಥ ಪ್ರಶ್ನೆಗಳು ಈಗ ಇನ್ನೂ ಹೆಚ್ಚಾಗಿವೆ. 1995ರ ಜುಲೈನಲ್ಲಿ ಶಿಕಾಗೋದಲ್ಲಿ ಬಿಸಿಗಾಳಿಯಿಂದ 700ಕ್ಕೂ ಹೆಚ್ಚು ಜನ ಸತ್ತರು. ಸತ್ತವರಲ್ಲಿ ಒಂಟಿಯಾಗಿದ್ದ ವೃದ್ಧರು ಬಹಳ. ಯಾವ ಬಡಾವಣೆಯಲ್ಲಿ ಮರಗಳಿಲ್ಲ ಎಂಬುದನ್ನು ನಗರ ಯೋಜಕರು ನಕ್ಷೆ ಮಾಡಬಲ್ಲರು. ಕಟ್ಟಡದೊಳಗೆ ರಾತ್ರಿಯೂ ಏಕೆ ತಣಿಯುವುದಿಲ್ಲ ಎಂದು ವಾಸ್ತುಶಿಲ್ಪಿಗಳು ಹೇಳಬಲ್ಲರು. ಮನೆಯೊಳಗಿನ ಉಷ್ಣಾಂಶವನ್ನು ಗಂಟೆಗಂಟೆಗೂ ಅಳೆಯುವ ಸಾಧನವನ್ನು ಎಂಜಿನಿಯರ್ ಮಾಡಿಕೊಡಬಲ್ಲರು. ಆದರೆ ಎಂಬತ್ತು ದಾಟಿದ ಹೆಂಗಸು ಕಿಟಕಿಯನ್ನು ಏಕೆ ತೆರೆಯುವುದಿಲ್ಲ, ಆಕೆ ತೆಗೆದುಕೊಳ್ಳುವ ಮಾತ್ರೆಗಳು ದೇಹದ ನೀರನ್ನು ಹೇಗೆ ಕಡಿಮೆ ಮಾಡುತ್ತವೆ ಎಂಬುದು ಮನೆಮನೆಗೆ ಹೋಗಿ ಆರೈಕೆ ಮಾಡುವ ನರ್ಸಿಗೆ ಗೊತ್ತು. ಈ ನಾಲ್ವರಲ್ಲಿ ಒಬ್ಬರನ್ನು ಬಿಟ್ಟರೂ ಉತ್ತರ ಪೂರ್ಣವಾಗುವುದಿಲ್ಲ.

ಗೋಡೆ ದಾಟುವ ದಾರಿಗಳು ಸುಲಭವಾಗಿಯೇ ಇವೆ. ಬಹುತೇಕ ಪಿಎಚ್‌ಡಿ ಕಾರ್ಯಕ್ರಮಗಳಲ್ಲಿ ಬೇರೆ ವಿಭಾಗದ ಕೋರ್ಸುಗಳನ್ನು ತೆಗೆದುಕೊಳ್ಳಲು ಅವಕಾಶವಿದೆ. ಪ್ರಬಂಧ ಸಮಿತಿಯಲ್ಲಿ ಹೊರ ವಿಭಾಗದ ಒಬ್ಬ ಸದಸ್ಯರು ಇರಲೇಬೇಕೆಂಬ ನಿಯಮವೂ ಅನೇಕ ಕಡೆ ಇದೆ. ನಮ್ಮವರು ಹೆಚ್ಚಾಗಿ ಆ ಹೊರಗಿನ ಸದಸ್ಯರನ್ನು ಕೊನೆಯ ವರ್ಷದಲ್ಲಿ, ಸಹಿಗಾಗಿ ಮಾತ್ರ ಹುಡುಕುತ್ತಾರೆ. ಎರಡನೆಯ ಸೆಮಿಸ್ಟರಿನಲ್ಲೇ ಹುಡುಕಿ. ಅವರ ಒಂದು ಕೋರ್ಸು ತೆಗೆದುಕೊಳ್ಳಿ, ಅವರ ವಿದ್ಯಾರ್ಥಿಗಳ ಸಭೆಯಲ್ಲಿ ಕುಳಿತುಕೊಳ್ಳಿ. ಗ್ರಂಥಾಲಯದಲ್ಲಿ ಪ್ರತಿ ವಿಷಯಕ್ಕೂ ಒಬ್ಬ ತಜ್ಞ ಗ್ರಂಥಪಾಲಕರಿರುತ್ತಾರೆ. ನರ್ಸಿಂಗ್ ಗ್ರಂಥಪಾಲಕರೊಂದಿಗೆ ಒಂದು ಗಂಟೆ ಕುಳಿತರೆ, ಪೂರ್ವ ಸಾಹಿತ್ಯವನ್ನು ಒಂದೂ ತಪ್ಪದಂತೆ ಕ್ರಮಬದ್ಧವಾಗಿ ಹುಡುಕುವ ವಿದ್ಯೆ ಎಂಜಿನಿಯರಿಗೂ ಬರುತ್ತದೆ. ಇದಕ್ಕೆ ಶುಲ್ಕವಿಲ್ಲ, ಕೇಳುವವರೂ ಕಡಿಮೆ.

ಇನ್ನು ಹಣ. ಎಂಜಿನಿಯರಿಂಗ್‌ನಲ್ಲಿ ಹೆಚ್ಚಿನ ಪಿಎಚ್‌ಡಿ ವಿದ್ಯಾರ್ಥಿಗಳು ಸಂಶೋಧನಾ ಸಹಾಯಕರಾಗಿ ಪ್ರಾಧ್ಯಾಪಕರು ತಂದ ಅನುದಾನದಿಂದ ವೇತನ ಪಡೆಯುತ್ತಾರೆ. ಆ ಅನುದಾನಕ್ಕೆ ಒಂದು ಉದ್ದೇಶವಿರುತ್ತದೆ, ಒಂದು ಮುಕ್ತಾಯದ ದಿನವಿರುತ್ತದೆ. ಸೇರುವಾಗಲೇ ಕೇಳಿ: ನನ್ನ ವೇತನ ಯಾವ ಅನುದಾನದಿಂದ ಬರುತ್ತದೆ, ಅದು ಯಾವಾಗ ಮುಗಿಯುತ್ತದೆ, ಬೇಸಿಗೆಯ ತಿಂಗಳುಗಳಲ್ಲೂ ವೇತನವಿದೆಯೇ, ಬೋಧನಾ ಶುಲ್ಕ ಮನ್ನಾ ಆದರೂ ಉಳಿದ ಶುಲ್ಕಗಳನ್ನು ಯಾರು ಕಟ್ಟುತ್ತಾರೆ. ಇದನ್ನು ಕೇಳುವುದು ಇಲ್ಲಿ ಅವಿನಯವಲ್ಲ. ನರ್ಸಿಂಗ್, ವಾಸ್ತುಶಿಲ್ಪ, ಯೋಜನೆಗಳಲ್ಲಿ ಅನುದಾನ ವಿರಳವಾಗಿರುವ ಕಡೆ ಬೋಧನಾ ಸಹಾಯಕ ಹುದ್ದೆಯೇ ಆಧಾರ. ವಿದೇಶಿ ವಿದ್ಯಾರ್ಥಿಗಳು ಒಂದು ಮಾತನ್ನು ಮೊದಲೇ ತಿಳಿದಿರಬೇಕು: ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನ ಪದವೀಧರರಿಗೆ ನೀಡುವ ಪ್ರಖ್ಯಾತ ಸಂಶೋಧನಾ ಫೆಲೋಶಿಪ್‌ಗೆ ಇಲ್ಲಿನ ನಾಗರಿಕರು ಮತ್ತು ಕಾಯಂ ನಿವಾಸಿಗಳು ಮಾತ್ರ ಅರ್ಜಿ ಹಾಕಬಹುದು. ಸಹಪಾಠಿಗಳು ಅದಕ್ಕೆ ತಯಾರಾಗುವುದನ್ನು ಕಂಡು ನೀವೂ ತಿಂಗಳುಗಟ್ಟಲೆ ಕೆಲಸ ಮಾಡಬೇಡಿ. ವಿಶ್ವವಿದ್ಯಾಲಯದ ಸ್ವಂತ ಫೆಲೋಶಿಪ್‌ಗಳಲ್ಲಿ ಪೌರತ್ವದ ಷರತ್ತಿಲ್ಲದವು ಸಾಕಷ್ಟು ಇರುತ್ತವೆ. ಆ ಸಮಯವನ್ನು ಅಲ್ಲಿ ಖರ್ಚು ಮಾಡಿ. ರಕ್ಷಣೆ, ಬಾಹ್ಯಾಕಾಶಗಳಿಗೆ ಸಂಬಂಧಿಸಿದ ಕೆಲವು ಯೋಜನೆಗಳು ರಫ್ತು ನಿಯಂತ್ರಣ ಕಾನೂನಿನಡಿ ಬರುತ್ತವೆ. ವಿದೇಶಿಯರಿಗೆ ಆ ತಾಂತ್ರಿಕ ಮಾಹಿತಿಯನ್ನು ತೋರಿಸುವುದನ್ನೂ ಕಾನೂನು ರಫ್ತೆಂದೇ ಪರಿಗಣಿಸುತ್ತದೆ. ಪ್ರಯೋಗಾಲಯ ಆರಿಸಿಕೊಳ್ಳುವ ಮೊದಲೇ ಅದರ ಬಗ್ಗೆಯೂ ವಿಚಾರಿಸಿ.

ಅನುಮತಿಯ ವಿಷಯದಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ, ಏಕೆಂದರೆ ನಮ್ಮವರು ಇದನ್ನು ಬರೀ ಅರ್ಜಿ ತುಂಬುವ ಕೆಲಸ ಎಂದುಕೊಳ್ಳುತ್ತಾರೆ. ಅಲಬಾಮಾದ ಟಸ್ಕೀಗಿಯಲ್ಲಿ 1932ರಿಂದ 1972ರವರೆಗೆ ಅಮೆರಿಕ ಸರ್ಕಾರದ ಸಾರ್ವಜನಿಕ ಆರೋಗ್ಯ ಸೇವೆಯೇ ಸಿಫಿಲಿಸ್ ಇದ್ದ ನೂರಾರು ಕಪ್ಪು ಜನರಿಗೆ ಚಿಕಿತ್ಸೆ ಕೊಡದೆ ರೋಗ ಹೇಗೆ ಬೆಳೆಯುತ್ತದೆ ಎಂದು ನೋಡುತ್ತ ಕುಳಿತಿತ್ತು. ಪೆನಿಸಿಲಿನ್ ಬಂದ ಮೇಲೂ ಅವರಿಗೆ ಅದನ್ನು ಕೊಡಲಿಲ್ಲ. ಅದು ಬಯಲಾದ ಮೇಲೆ 1974ರಲ್ಲಿ ರಾಷ್ಟ್ರೀಯ ಸಂಶೋಧನಾ ಕಾಯ್ದೆ ಬಂತು, 1979ರಲ್ಲಿ ಬೆಲ್ಮಾಂಟ್ ವರದಿ ಬಂತು. ವ್ಯಕ್ತಿಗೆ ಗೌರವ, ಹಿತ, ನ್ಯಾಯ ಎಂಬ ಮೂರು ತತ್ವಗಳನ್ನು ಆ ವರದಿ ಮುಂದಿಟ್ಟಿತು. ಇಂದು ಪ್ರತಿ ಸಂಶೋಧನಾ ವಿಶ್ವವಿದ್ಯಾಲಯದಲ್ಲಿರುವ ಐಆರ್‌ಬಿ ಎಂಬ ನೈತಿಕ ಪರಿಶೀಲನಾ ಮಂಡಳಿಯ ಹಿಂದೆ ಈ ಚರಿತ್ರೆ ಇದೆ. ಸಮ್ಮತಿ ಪತ್ರ ಬರೆಯುವಾಗ ಆ ಜನರನ್ನು ನೆನೆಯಿರಿ. ಪ್ರತಿ ವಾಕ್ಯ ಏಕೆ ಅಷ್ಟು ಸರಳವಾಗಿರಬೇಕೆಂದು ತಾನಾಗಿಯೇ ಅರ್ಥವಾಗುತ್ತದೆ.

ಮಂಡಳಿಯ ಒಪ್ಪಿಗೆ ನರ್ಸಿಂಗ್‌ನವರಿಗೆ ಮಾತ್ರ ಬೇಕೆಂದು ಭಾವಿಸಬೇಡಿ. ಬಡಾವಣೆಯ ನಿವಾಸಿಗಳನ್ನು ಸಂದರ್ಶಿಸುವ ನಗರ ಯೋಜನೆಯ ವಿದ್ಯಾರ್ಥಿ, ಕಚೇರಿಯೊಳಗೆ ಜನ ಹೇಗೆ ಓಡಾಡುತ್ತಾರೆಂದು ದಾಖಲಿಸುವ ವಾಸ್ತುಶಿಲ್ಪದ ವಿದ್ಯಾರ್ಥಿ, ಸ್ವಯಂಸೇವಕರ ಮಣಿಕಟ್ಟಿಗೆ ಸಂವೇದಕ ಕಟ್ಟುವ ಎಂಜಿನಿಯರಿಂಗ್ ವಿದ್ಯಾರ್ಥಿ ಎಲ್ಲರೂ ಮೊದಲು ಅರ್ಜಿ ಹಾಕಬೇಕು. ಅಪಾಯ ತೀರಾ ಕಡಿಮೆ ಇರುವ ಅಧ್ಯಯನಕ್ಕೆ ಪೂರ್ಣ ಪರಿಶೀಲನೆಯಿಂದ ವಿನಾಯಿತಿ ಸಿಗಬಹುದು. ಆದರೆ ವಿನಾಯಿತಿ ಇದೆಯೆಂದು ನೀವೇ ತೀರ್ಮಾನಿಸಿಕೊಳ್ಳದೆ ಮಂಡಳಿಯಿಂದಲೇ ಬರೆಸಿಕೊಳ್ಳಿ. ಒಪ್ಪಿಗೆಗೆ ಮೊದಲು ಸಂಗ್ರಹಿಸಿದ ಮಾಹಿತಿಯನ್ನು ಪ್ರಬಂಧದಲ್ಲಿ ಬಳಸಲಾಗದೆ ಹೋಗಬಹುದು, ಒಂದು ವರ್ಷದ ದುಡಿಮೆ ಹಾಗೆಯೇ ವ್ಯರ್ಥವಾಗುತ್ತದೆ. ರಜೆಯಲ್ಲಿ ಭಾರತಕ್ಕೆ ಹೋಗಿ ಅಲ್ಲಿ ಸಂದರ್ಶನ ಮಾಡುವವರಿಗೂ ಇಲ್ಲಿನ ಮಂಡಳಿಯ ಒಪ್ಪಿಗೆ ಬೇಕು; ಆರೋಗ್ಯದ ವಿಷಯವಾದರೆ ಅಲ್ಲಿನ ಸಂಸ್ಥೆಯ ನೈತಿಕ ಸಮಿತಿಯ ಒಪ್ಪಿಗೆಯೂ ಬೇಕಾಗುತ್ತದೆ.

ನರ್ಸಿಂಗ್‌ಗೆ ಬಂದವರು ಪದವಿಗಳ ವ್ಯತ್ಯಾಸವನ್ನು ಸರಿಯಾಗಿ ತಿಳಿದುಕೊಳ್ಳಿ. ಪಿಎಚ್‌ಡಿ ಹೊಸ ಜ್ಞಾನ ಹುಟ್ಟಿಸುವ ಸಂಶೋಧನಾ ಪದವಿ. ಡಿಎನ್‌ಪಿ ಎಂಬುದು ವೃತ್ತಿಯ ಅತ್ಯುನ್ನತ ಪದವಿ, ಇರುವ ಜ್ಞಾನವನ್ನು ಆಸ್ಪತ್ರೆಯ ಹಾಸಿಗೆಯ ಬಳಿಗೆ ತರುವುದು ಅದರ ಗುರಿ. ಡಿಎನ್‌ಪಿ ಕಾರ್ಯಕ್ರಮಗಳಲ್ಲಿ ಅನೇಕವು ಆನ್‌ಲೈನ್‌ನಲ್ಲೇ ನಡೆಯುತ್ತವೆ. ಎಫ್-1 ಎಂಬ ವಿದ್ಯಾರ್ಥಿ ವೀಸಾದವರಿಗೆ ಒಂದು ಅವಧಿಯಲ್ಲಿ ಒಂದು ಆನ್‌ಲೈನ್ ಕೋರ್ಸು, ಅಂದರೆ ಮೂರು ಕ್ರೆಡಿಟ್‌ವರೆಗೆ ಮಾತ್ರ, ಪೂರ್ಣಾವಧಿ ಓದಿನ ಲೆಕ್ಕಕ್ಕೆ ಬರುತ್ತದೆ. ಪ್ರವೇಶ ಪಡೆಯುವ ಮುನ್ನವೇ ಇದನ್ನು ನೋಡಿಕೊಳ್ಳಬೇಕು. ಆಸ್ಪತ್ರೆಯೊಳಗೆ ಅಧ್ಯಯನ ಮಾಡುವವರಿಗೆ ಲಸಿಕೆ ದಾಖಲೆ, ಕ್ಷಯ ಪರೀಕ್ಷೆ, ಹಿನ್ನೆಲೆ ತಪಾಸಣೆ ಕೇಳುತ್ತಾರೆ. ರೋಗಿಗಳ ಮಾಹಿತಿಗೆ 1996ರ ಹಿಪಾ ಕಾಯ್ದೆಯ ಕಾವಲಿದೆ. ಇಷ್ಟೆಲ್ಲ ಕಷ್ಟ ಏಕೆಂದು ಬೇಸರವಾದಾಗ ನರ್ಸಿಂಗ್ ಸಂಶೋಧಕಿ ಲಿಂಡಾ ಐಕೆನ್ ಮತ್ತು ಸಂಗಡಿಗರ 2002ರ ಅಧ್ಯಯನವನ್ನು ಓದಿ. ಒಬ್ಬ ನರ್ಸಿನ ಪಾಲಿಗೆ ಒಬ್ಬೊಬ್ಬ ರೋಗಿ ಹೆಚ್ಚಾದಂತೆ, ಶಸ್ತ್ರಚಿಕಿತ್ಸೆಗೆ ಒಳಗಾದವರು ಆಸ್ಪತ್ರೆಗೆ ದಾಖಲಾದ 30 ದಿನಗಳೊಳಗೆ ಸಾಯುವ ಸಂಭವ ಶೇಕಡ 7ರಷ್ಟು ಏರುವುದಕ್ಕೆ ನಂಟಿದೆಯೆಂದು ಅದು ತೋರಿಸಿತು. ನರ್ಸ್‌ಗಳ ಸಂಖ್ಯೆಯ ಬಗ್ಗೆ ವಾದ ಮಾಡುವವರ ಕೈಯಲ್ಲಿ ಇಂದಿಗೂ ಆ ಅಂಕಿ ಇರುತ್ತದೆ.

ವಾಸ್ತುಶಿಲ್ಪದವರಿಗೆ ಚಿಕ್ಕದಾಗಿ ಹೇಳುತ್ತೇನೆ. ಎಂ.ಆರ್ಕ್ ಪರವಾನಗಿಯ ದಾರಿಯ ವೃತ್ತಿ ಪದವಿ, ಎಂ.ಎಸ್. ಮತ್ತು ಪಿಎಚ್‌ಡಿ ಸಂಶೋಧನೆಯವು, ಅವುಗಳಿಂದ ನೇರವಾಗಿ ಪರವಾನಗಿ ಸಿಗುವುದಿಲ್ಲ. ಇಲ್ಲಿ ವಾಸ್ತುಶಿಲ್ಪಿಯಾಗಿ ಸಹಿ ಹಾಕುವ ಆಸೆಯಿದ್ದರೆ 3,740 ಗಂಟೆಗಳ ದಾಖಲಿತ ಅನುಭವ ಮತ್ತು ಪರೀಕ್ಷೆಗಳು ಬೇರೆಯೇ ಇವೆ.

ನಗರ ಯೋಜನೆಯವರ ಅದೃಷ್ಟ ದೊಡ್ಡದು: ಇಲ್ಲಿನ ಮಾಹಿತಿಯ ಬಹುಪಾಲು ಬಾಗಿಲು ತೆರೆದೇ ಇದೆ. ಜನಗಣತಿ ಸಂಸ್ಥೆಯ ಅಂಕಿಅಂಶಗಳು ಉಚಿತ. 1930ರ ದಶಕದಲ್ಲಿ ಗೃಹಸಾಲದ ಸರ್ಕಾರಿ ನಿಗಮವೊಂದು ಇನ್ನೂರಕ್ಕೂ ಹೆಚ್ಚು ನಗರಗಳಲ್ಲಿ, ಕಪ್ಪು ಜನರೂ ವಲಸಿಗರೂ ಇದ್ದ ಬಡಾವಣೆಗಳನ್ನು ಅಪಾಯದ ಪ್ರದೇಶವೆಂದು ಕೆಂಪು ಬಣ್ಣದಲ್ಲಿ ಗುರುತಿಸಿದ ನಕ್ಷೆಗಳೂ ಸಿಗುತ್ತವೆ. 2020ರಲ್ಲಿ 108 ನಗರ ಪ್ರದೇಶಗಳನ್ನು ನೋಡಿದ ಒಂದು ಅಧ್ಯಯನ, ಅವುಗಳಲ್ಲಿ ಬಹುಪಾಲು ಕಡೆ ಆ ಕೆಂಪು ಬಡಾವಣೆಗಳ ನೆಲ ಇಂದಿಗೂ ಹೆಚ್ಚು ಬಿಸಿಯಾಗಿದೆ ಎಂದು ಕಂಡುಕೊಂಡಿತು. ನಕ್ಷೆಗಳನ್ನು ಕಂಪ್ಯೂಟರಿನಲ್ಲಿ ನೋಡುತ್ತಾ ಕೂರುವುದಷ್ಟೇ ಸಾಲದು. ನಗರದ ಯೋಜನಾ ಆಯೋಗದ ಸಭೆಗಳು ಸಾರ್ವಜನಿಕರಿಗೆ ಮುಕ್ತ. ವಿದ್ಯಾರ್ಥಿ ವೀಸಾದವರೂ ಹೋಗಿ ಕೂರಬಹುದು. ಯಾವ ಬಡಾವಣೆಯವರು ಮಾತನಾಡುತ್ತಾರೆ, ಯಾರು ಬರುವುದೇ ಇಲ್ಲ ಎಂಬುದು ಯಾವ ಅಂಕಿಪಟ್ಟಿಯಲ್ಲೂ ಇಲ್ಲ.

ಈಗ ಕಾಗದಪತ್ರ. ತರಗತಿಗಳು ನಡೆಯುವ ಅವಧಿಯಲ್ಲಿ ಕ್ಯಾಂಪಸ್ಸಿನಲ್ಲಿ ವಾರಕ್ಕೆ 20 ಗಂಟೆ ಮಾತ್ರ ಕೆಲಸ, ಸಹಾಯಕ ಹುದ್ದೆಯ ಗಂಟೆಗಳೂ ಅದರಲ್ಲೇ ಸೇರುತ್ತವೆ. ಬೇರೆ ವಿಭಾಗದ ಪ್ರಾಧ್ಯಾಪಕರು ಪ್ರೀತಿಯಿಂದ ಐದು ಗಂಟೆಯ ವೇತನ ಕೊಡುತ್ತೇನೆಂದರೂ ಮೊದಲು ಲೆಕ್ಕ ನೋಡಿ. ಪದವಿಯ ನಂತರ ಓದಿದ ವಿಷಯದಲ್ಲೇ ಕೆಲಸ ಮಾಡಲು ಸಿಗುವ ಒಪಿಟಿ ಎಂಬ ಅನುಮತಿ 12 ತಿಂಗಳದ್ದು. ಇನ್ನೂ 24 ತಿಂಗಳ ವಿಸ್ತರಣೆ ಸಿಗುವುದು ವೀಸಾಕ್ಕಾಗಿ ವಿಶ್ವವಿದ್ಯಾಲಯ ಕೊಟ್ಟ ನಿಮ್ಮ ಐ-20 ಪತ್ರದಲ್ಲಿರುವ ಸಿಐಪಿ ಎಂಬ ಓದಿನ ವಿಷಯದ ಸಂಕೇತ, ಸರ್ಕಾರದ ಸ್ಟೆಮ್ (ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್, ಗಣಿತ) ಪಟ್ಟಿಯಲ್ಲಿದ್ದರೆ ಮಾತ್ರ. ಒಂದೇ ಕಟ್ಟಡದ ಎರಡು ಕಾರ್ಯಕ್ರಮಗಳಲ್ಲಿ ಒಂದಕ್ಕೆ ಅದು ಇದ್ದು ಇನ್ನೊಂದಕ್ಕೆ ಇಲ್ಲದಿರಬಹುದು. ವಾಸ್ತುಶಿಲ್ಪ, ಯೋಜನೆ, ನರ್ಸಿಂಗ್‌ನವರು ಇದನ್ನು ಮೊದಲ ವಾರದಲ್ಲೇ ವಿದೇಶಿ ವಿದ್ಯಾರ್ಥಿಗಳ ಕಚೇರಿಯಲ್ಲಿ ಖಚಿತಪಡಿಸಿಕೊಳ್ಳಿ. ಓದಿನ ಭಾಗವಾಗಿ ಹೊರಗೆ ಕೆಲಸ ಮಾಡುವ ಸಿಪಿಟಿ ಎಂಬ ಅನುಮತಿಯಲ್ಲಿ ಪೂರ್ಣಾವಧಿಯಾಗಿ 12 ತಿಂಗಳು ಕೆಲಸ ಮಾಡಿದರೆ ಆ ಹಂತದ ಒಪಿಟಿ ಕೈತಪ್ಪುತ್ತದೆ ಎಂಬುದನ್ನೂ ಮರೆಯಬೇಡಿ.

ಕೊನೆಯದಾಗಿ ಮಾರ್ಗದರ್ಶಕರ ವಿಷಯ. ಗುರುಗಳ ಮುಂದೆ ಸುಮ್ಮನಿರುವುದನ್ನು ನಾವು ವಿನಯ ಎಂದು ಕಲಿತವರು. ಇಲ್ಲಿ ಅದನ್ನು ಹೇಳಲು ಏನೂ ಇಲ್ಲ ಎಂದೇ ತಿಳಿಯುತ್ತಾರೆ. ವಾರದ ಭೇಟಿಗೆ ಹೋಗುವ ಮುನ್ನ ಮಾಡಿದ್ದು, ತೊಡಕಾದದ್ದು, ಕೇಳಬೇಕಾದ್ದು ಇಷ್ಟನ್ನು ಅರ್ಧ ಪುಟದಲ್ಲಿ ಬರೆದು ಹಿಂದಿನ ದಿನವೇ ಕಳುಹಿಸಿ. ಲೇಖನದಲ್ಲಿ ಯಾರ ಹೆಸರು ಯಾವ ಕ್ರಮದಲ್ಲಿ ಬರುತ್ತದೆ ಎಂಬುದನ್ನು ಕೆಲಸ ಶುರುವಾಗುವಾಗಲೇ ಮಾತನಾಡಿಕೊಳ್ಳಿ. ಎರಡು ವಿಭಾಗಗಳ ನಡುವಿನ ಕೆಲಸದಲ್ಲಂತೂ ಇದು ಇನ್ನೂ ಮುಖ್ಯ, ಏಕೆಂದರೆ ಎಂಜಿನಿಯರಿಂಗ್‌ನಲ್ಲಿ ಲೇಖಕರ ಪಟ್ಟಿಯ ಕೊನೆಯ ಹೆಸರಿಗಿರುವ ತೂಕ ಎಲ್ಲ ವಿಭಾಗಗಳಲ್ಲೂ ಇರುವುದಿಲ್ಲ. ಹೊಂದಿಕೆಯಾಗದಿದ್ದರೆ ಮಾರ್ಗದರ್ಶಕರನ್ನು ಬದಲಿಸುವುದಕ್ಕೆ ನಿಯಮಬದ್ಧ ದಾರಿಯಿದೆ. ವಿಭಾಗದ ಪದವಿ ಸಂಯೋಜಕರಲ್ಲಿಗೆ ಹೋಗಿ, ಅಲ್ಲಿ ಆಗದಿದ್ದರೆ ದೂರುಗಳನ್ನು ಪಕ್ಷಪಾತವಿಲ್ಲದೆ ಕೇಳುವ ವಿಶ್ವವಿದ್ಯಾಲಯದ ಓಂಬುಡ್ಸ್‌ಮನ್ ಕಚೇರಿಗೆ ಹೋಗಿ. ಅಲ್ಲಿ ಹೇಳಿದ್ದನ್ನು ಸಾಮಾನ್ಯವಾಗಿ ಗೋಪ್ಯವಾಗಿಡುತ್ತಾರೆ. ಆದರೆ ನಿಮ್ಮ ವೇತನ ಹಳೆಯ ಮಾರ್ಗದರ್ಶಕರ ಅನುದಾನದಿಂದ ಬರುತ್ತಿದ್ದರೆ, ಮುಂದಿನ ಸೆಮಿಸ್ಟರಿನ ವೇತನಕ್ಕೆ ವ್ಯವಸ್ಥೆ ಮಾಡಿಕೊಂಡ ನಂತರವೇ ಬದಲಾವಣೆಯ ಅರ್ಜಿಗೆ ಸಹಿ ಹಾಕಿ.