ಹಳೆಯ ಔಟ್‌ಬೋರ್ಡ್ ಮೋಟರಿನ ಐಡಲ್: ನೀರಿನಲ್ಲಿ, ಗೇರ್ ಹಾಕಿಯೇ ಹೊಂದಿಸಿ

ಐಡಲ್ ಎಂದರೆ ಥ್ರಾಟಲ್ (ವೇಗ ಹೆಚ್ಚಿಸುವ ಹಿಡಿ) ಪೂರ್ತಿ ಇಳಿಸಿದಾಗ ಎಂಜಿನ್ ಓಡುವ ಕನಿಷ್ಠ ವೇಗ. ದಡದಲ್ಲಿ ನೀರಿನ ಹೋಸ್ ಕಟ್ಟಿ ಓಡಿಸಿದಾಗ ತೊಂದರೆಯಿಲ್ಲದೆ ಓಡುವ, ದೋಣಿಯ ಹಿಂದೆ ಕೂರಿಸುವ ಟೂ-ಸ್ಟ್ರೋಕ್ ಮೋಟರ್, ನೀರಿಗಿಳಿಸಿ ಗೇರ್ ಹಾಕಿದೊಡನೆ ನಿಂತುಹೋಗುತ್ತದೆ. ನೀರಿನೊಳಗೆ ಹೊಗೆ ಹೊರಹೋಗಲು ಒತ್ತಡ ಎದುರಾಗುತ್ತದೆ, ಪ್ರೊಪೆಲರ್‌ನ ಭಾರವೂ ಸೇರುತ್ತದೆ. ಆದ್ದರಿಂದ ದೋಣಿಯನ್ನು ಹಗ್ಗದಿಂದ ಬಿಗಿಯಾಗಿ ಕಟ್ಟಿ, ಪ್ರೊಪೆಲರ್ ಹತ್ತಿರ ಯಾರೂ ಇಲ್ಲದಂತೆ ನೋಡಿಕೊಂಡು, ಅಲ್ಲೇ ಹೊಂದಿಸಬೇಕು. ಮುಚ್ಚಳ ತೆಗೆದಿರುವಾಗ ಮೇಲೆ ತಿರುಗುವ ಚಕ್ರಕ್ಕೆ (ಫ್ಲೈವೀಲ್) ಬಟ್ಟೆ, ಕೂದಲು ತಾಗದಿರಲಿ.

ಮೊದಲು ಪ್ಲಗ್ ಮತ್ತು ಪೆಟ್ರೋಲ್ ಫಿಲ್ಟರ್ ನೋಡಿ, ಹೊಸ ಪೆಟ್ರೋಲ್ ತುಂಬಿ. ಪೆಟ್ರೋಲಿಗೆ ಬೆರೆಸುವ ಎಣ್ಣೆಯ ಪ್ರಮಾಣ ಮ್ಯಾನುಯಲ್‌ನಲ್ಲಿರುವಷ್ಟೇ. 50:1 ಎಂದಿದ್ದರೆ ಲೀಟರಿಗೆ 20 ಮಿ.ಲೀ.

ಪೆಟ್ರೋಲ್-ಗಾಳಿ ಬೆರೆಸುವ ಕಾರ್ಬ್ಯುರೇಟರ್‌ನಲ್ಲಿ ಹೊಂದಿಸುವ ಸ್ಕ್ರೂಗಳು ಎರಡು. ಥ್ರಾಟಲ್ ಲಿವರನ್ನು ತಡೆದು ನಿಲ್ಲಿಸುವುದು ವೇಗದ್ದು, ಸ್ಪ್ರಿಂಗ್ ಇರುವ ಸೂಜಿ ಮಿಶ್ರಣದ್ದು. ಸೂಜಿಯನ್ನು ಒಳಕ್ಕೆ ತಿರುಗಿಸುತ್ತಾ ಸುತ್ತು ಎಣಿಸಿ ಬರೆದುಕೊಳ್ಳಿ. ತಳ ತಾಗಿದ್ದು ಬೆರಳಿಗೆ ಗೊತ್ತಾದೊಡನೆ ನಿಲ್ಲಿಸಿ. ಬಿಗಿ ಮಾಡಿದರೆ ಸೂಜಿಯ ತುದಿಯಲ್ಲಿ ಗೀರು ಬಿದ್ದು ಮುಂದೆಂದೂ ಸರಿಯಾಗಿ ಹೊಂದುವುದಿಲ್ಲ. ಅಲ್ಲಿಂದ 1¼ ರಿಂದ 1½ ಸುತ್ತು ಹೊರಕ್ಕೆ ತಂದು ಚಾಲೂ ಮಾಡಿ. ಹತ್ತು ನಿಮಿಷ ಬಿಸಿಯಾಗಲಿ, ತಂಪುಗೊಳಿಸುವ ನೀರು ಹೊರಬರುತ್ತಿರಲಿ.

ಈಗ ಮುಂದಿನ ಗೇರ್ ಹಾಕಿ, ಥ್ರಾಟಲ್ ಪೂರ್ತಿ ಇಳಿಸಿ. ಸೂಜಿಯನ್ನು 1/8 ಸುತ್ತು, ಅಂದರೆ ಕಾಲು ಸುತ್ತಿನ ಅರ್ಧ, ಒಳಕ್ಕೆ ತಿರುಗಿಸಿ 20 ಸೆಕೆಂಡ್ ಕಾಯಿರಿ. ಈ ಕಾಯುವಿಕೆಯೇ ಮುಖ್ಯ, ಬದಲಾವಣೆ ಎಂಜಿನ್‌ಗೆ ತಲುಪಲು ಹೊತ್ತು ಬೇಕು. ಹೀಗೆ ಮುಂದುವರಿದಾಗ ಒಂದು ಹಂತದಲ್ಲಿ ಕಾರ್ಬ್ಯುರೇಟರ್ ಬಾಯಿಂದ ಸೀನಿದಂತೆ "ಟಪ್" ಎಂದು ಸದ್ದು ಬರುತ್ತದೆ. ಅದು ಪೆಟ್ರೋಲ್ ಕಡಿಮೆಯಾದ ಗುರುತು. ಅಲ್ಲಿಂದ ಕಾಲು ಸುತ್ತು ಹೊರಕ್ಕೆ ತನ್ನಿ. ಇನ್ನೂ ಹೊರಕ್ಕೆ ಹೋದರೆ ಹೊಗೆ ಹೆಚ್ಚಿ ಎಂಜಿನ್ ಮುಗ್ಗರಿಸುತ್ತದೆ. ಸಂಶಯವಿದ್ದಾಗ ಪೆಟ್ರೋಲ್ ಸ್ವಲ್ಪ ಹೆಚ್ಚಿರುವ ಕಡೆಗೇ ನಿಲ್ಲಿಸಿ: ಟೂ-ಸ್ಟ್ರೋಕ್‌ನಲ್ಲಿ ಪೆಟ್ರೋಲ್ ಕಡಿಮೆಯಾದರೆ ಬೇರಿಂಗ್, ಪಿಸ್ಟನ್‌ಗೆ ಎಣ್ಣೆಯೂ ಕಡಿಮೆ.

ಕೆಲವು ಮಾದರಿಗಳಲ್ಲಿ ಮಿಶ್ರಣದ ಆ ಸ್ಕ್ರೂ ಪೆಟ್ರೋಲಿನದ್ದಲ್ಲ, ಗಾಳಿಯದ್ದು. ಒಳಕ್ಕೆ ತಿರುಗಿಸಿದಷ್ಟೂ ಹೊಗೆ ಹೆಚ್ಚಿದರೆ ದಿಕ್ಕು ತಿರುಗಾಮುರುಗಾ ಎಂದು ತಿಳಿಯಿರಿ.

ಆಮೇಲೆ ವೇಗದ ಸ್ಕ್ರೂ. ಗೇರ್‌ನಲ್ಲಿ ಸುಮಾರು 650ರಿಂದ 750 ಆರ್‌ಪಿಎಂ (ನಿಮಿಷಕ್ಕೆ ಸುತ್ತು) ಇರಲಿ, ಮ್ಯಾನುಯಲ್‌ನಲ್ಲಿ ಬೇರೆ ಅಂಕಿ ಇದ್ದರೆ ಅದೇ ಸರಿ. ವೇಗ ಜಾಸ್ತಿಯಿದ್ದರೆ ಗೇರ್ ಹಾಕುವಾಗ ಗಡಕ್ ಎಂದು ಹಲ್ಲು ಸವೆಯುತ್ತದೆ.

ಸೂಜಿ ಎಷ್ಟು ತಿರುಗಿಸಿದರೂ ಎಂಜಿನ್ ಸದ್ದು ಬದಲಾಗದಿದ್ದರೆ ಅಲ್ಲಿಗೇ ಬಿಡಿ. ಒಳಗಿನ ಸಣ್ಣ ರಂಧ್ರಗಳು ಹಳೆಯ ಪೆಟ್ರೋಲಿನ ಅಂಟಿನಿಂದ ಕಟ್ಟಿರಬೇಕು, ಇಲ್ಲವೇ ಗ್ಯಾಸ್ಕೆಟ್‌ನಲ್ಲಿ (ಜೋಡಣೆಯ ಸಂದಿಗೆ ಹಾಕುವ ತೆಳು ಹಾಳೆ) ಗಾಳಿ ಎಳೆಯುತ್ತಿರಬೇಕು. ಕಾರ್ಬ್ಯುರೇಟರ್ ಬಿಚ್ಚಿ ತೊಳೆದು, ಹೊಸ ಗ್ಯಾಸ್ಕೆಟ್ ಹಾಕಿದ ಮೇಲೆಯೇ ಮತ್ತೆ ಟ್ಯೂನಿಂಗ್.