ಹಾಸಿಗೆ ಹಿಡಿದ ಹಿರಿಯರ ಕೋಣೆಯಲ್ಲಿ ಮೂತ್ರದ ವಾಸನೆ ಉಳಿಯದಂತೆ ನೋಡಿಕೊಳ್ಳುವುದು ಹೇಗೆ?

ಮನೆಯ ಹಿರಿಯರೊಬ್ಬರು ಹಾಸಿಗೆ ಹಿಡಿದರೆ ಔಷಧ, ಪಥ್ಯ, ವ್ಯಾಯಾಮಗಳ ಬಗ್ಗೆ ಸಲಹೆ ಕೊಡುವವರು ಬಹಳ ಜನ ಸಿಗುತ್ತಾರೆ. ಆದರೆ ಆ ಕೋಣೆಯಲ್ಲಿ ದಿನಕಳೆದಂತೆ ನೆಲೆಯೂರುವ ಮೂತ್ರದ ವಾಸನೆಯ ಬಗ್ಗೆ ಬಾಯಿಬಿಟ್ಟು ಹೇಳುವವರು ಕಡಿಮೆ. ಊದಿನಕಡ್ಡಿ ಹಚ್ಚುತ್ತಾರೆ, ಫಿನಾಯಿಲ್ ಹಾಕಿ ನೆಲ ಒರೆಸುತ್ತಾರೆ, ರೂಮ್ ಫ್ರೆಶ್ನರ್ ಸಿಂಪಡಿಸುತ್ತಾರೆ. ಅಷ್ಟಾದರೂ ನೋಡಲು ಬಂದವರು ಎರಡು ಮಾತನಾಡಿ ನಡುಮನೆಗೆ ಎದ್ದು ಹೋಗುತ್ತಾರೆ, ಮಲಗಿದವರಿಗೆ ಅದರ ಕಾರಣ ತಿಳಿಯದೆ ಇರುವುದಿಲ್ಲ. ಈ ಸಂಕಟವನ್ನು ಬಹುಮಟ್ಟಿಗೆ ತಪ್ಪಿಸಬಹುದು. ಅದಕ್ಕೆ ದುಬಾರಿ ವಸ್ತುಗಳಿಗಿಂತ ಹೆಚ್ಚಾಗಿ ಬೇಕಾದದ್ದು ವಾಸನೆ ಎಲ್ಲಿಂದ ಹುಟ್ಟುತ್ತದೆ ಎಂಬ ತಿಳಿವಳಿಕೆ.

ಆರೋಗ್ಯವಂತರ ಮೂತ್ರಕ್ಕೆ ದೇಹದಿಂದ ಹೊರಬಂದ ಕೂಡಲೇ ಕಟುವಾದ ವಾಸನೆ ಇರುವುದಿಲ್ಲ. ಅದರಲ್ಲಿರುವ ಯೂರಿಯಾವನ್ನು ಚರ್ಮದ ಮೇಲೂ ಬಟ್ಟೆಯಲ್ಲೂ ಇರುವ ಕೆಲವು ಬ್ಯಾಕ್ಟೀರಿಯಾಗಳು ಯೂರಿಯೇಸ್ ಎಂಬ ಕಿಣ್ವದ ನೆರವಿನಿಂದ ಒಡೆದಾಗ ಅಮೋನಿಯಾ ಹೊರಬೀಳುತ್ತದೆ, ಮೂಗಿಗೆ ಹೊಡೆಯುವುದು ಮುಖ್ಯವಾಗಿ ಇದೇ. ಹೊತ್ತು ಕಳೆದಷ್ಟೂ ಅಮೋನಿಯಾ ಹೆಚ್ಚುತ್ತದೆ. ಮೂತ್ರ ಒಣಗಿದ ಮೇಲೆ ಉಳಿಯುವ ಯೂರಿಕ್ ಆಮ್ಲದ ಲವಣಗಳು ನೀರಿನಲ್ಲಿ ಸುಲಭವಾಗಿ ಕರಗುವುದಿಲ್ಲವಾದ್ದರಿಂದ, ಒಮ್ಮೆ ಒರೆಸಿದ ಹಾಸಿಗೆ ಮಳೆಗಾಲದ ತೇವದಲ್ಲಿ ಮತ್ತೆ ನಾರತೊಡಗುತ್ತದೆ. ಆದ್ದರಿಂದ ಮಾಡಬೇಕಾದ ಕೆಲಸ ಎರಡೇ: ಮೂತ್ರ ಬಟ್ಟೆಯಲ್ಲೋ ಚರ್ಮದ ಮೇಲೋ ನಿಲ್ಲುವ ಹೊತ್ತನ್ನು ಕಡಿಮೆ ಮಾಡುವುದು ಮತ್ತು ಈಗಾಗಲೇ ಇಳಿದದ್ದನ್ನು ಪೂರ್ತಿ ಹೊರತೆಗೆಯುವುದು.

ಇನ್ನೊಂದು ಮಾತನ್ನು ಮೊದಲೇ ಹೇಳಬೇಕು. ಹಾಸಿಗೆ ಒದ್ದೆಯಾಗುತ್ತದೆಂದು ಹಿರಿಯರಿಗೆ ಕುಡಿಯುವ ನೀರನ್ನು ಕಡಿಮೆ ಮಾಡುವ ಪದ್ಧತಿ ಅನೇಕ ಮನೆಗಳಲ್ಲಿದೆ. ಎಷ್ಟೋ ವೇಳೆ ಹಿರಿಯರೇ ಸಂಕೋಚದಿಂದ ಲೋಟವನ್ನು ಪಕ್ಕಕ್ಕೆ ಸರಿಸುತ್ತಾರೆ. ಇದರಿಂದ ಮೂತ್ರ ಗಾಢವಾಗಿ ವಾಸನೆ ಇನ್ನಷ್ಟು ಹೆಚ್ಚುತ್ತದೆ, ಮೂತ್ರದ ಸೋಂಕಿಗೂ ದಾರಿಯಾಗುತ್ತದೆ. ಹೃದಯದ ಅಥವಾ ಮೂತ್ರಪಿಂಡದ ಕಾಯಿಲೆಗಾಗಿ ವೈದ್ಯರೇ ಮಿತಿ ಹಾಕಿದ್ದರೆ ಮಾತ್ರ ಆ ಮಿತಿಯನ್ನು ಪಾಲಿಸಿ.

ಮೊದಲ ಹೆಜ್ಜೆ: ಹಾಸಿಗೆ ಸಿದ್ಧಪಡಿಸುವುದು

ಹಾಸಿಗೆಯ ಮೇಲೆ ಔಷಧದ ಅಂಗಡಿಯಲ್ಲಿ ಸಿಗುವ ರಬ್ಬರ್ ಶೀಟನ್ನು ಸುಕ್ಕಿಲ್ಲದಂತೆ ಹರಡಿ, ಅದರ ಮೇಲೆ ಹತ್ತಿಯ ಹೊದಿಕೆ ಹಾಕಿ, ಸೊಂಟ ಬರುವ ಕಡೆ ಹಳೆಯ ಪಂಚೆಯನ್ನೋ ಹತ್ತಿ ಸೀರೆಯ ತುಂಡನ್ನೋ ನಾಲ್ಕು ಮಡಿಕೆ ಮಾಡಿ ಹಾಸಿ. ರಬ್ಬರ್ ನೇರವಾಗಿ ಮೈಗೆ ತಾಗಬಾರದು, ಬೆವರು ನಿಂತು ಚರ್ಮ ಮೆತ್ತಗಾಗುತ್ತದೆ. ರಾತ್ರಿಗೆಂದು ಇದೇ ಕ್ರಮದಲ್ಲಿ ಇನ್ನೊಂದು ಜೊತೆ ಶೀಟು ಮತ್ತು ಹೊದಿಕೆಯನ್ನು ಮೇಲೆ ಹಾಸಿಟ್ಟರೆ ನಡುರಾತ್ರಿಯಲ್ಲಿ ಮೇಲಿನ ಜೊತೆಯನ್ನು ಎಳೆದು ತೆಗೆದರೆ ಸಾಕು. ಒಬ್ಬರೇ ಆರೈಕೆ ಮಾಡುವ ಮನೆಯಲ್ಲಿ ಇದು ದೊಡ್ಡ ಉಪಕಾರ.

ಎರಡನೆಯ ಹೆಜ್ಜೆ: ಡೈಪರನ್ನು ಅರಿತು ಬಳಸುವುದು

ಡೈಪರ್ ಹಾಕಿದ ಮಾತ್ರಕ್ಕೆ ವಾಸನೆ ನಿಲ್ಲುವುದಿಲ್ಲ, ಅದರೊಳಗಿನ ರಚನೆ ತಿಳಿದರೆ ಸರಿಯಾಗಿ ಬಳಸಲು ಬರುತ್ತದೆ. ಮೈಗೆ ತಾಗುವ ತೆಳು ಪದರ ದ್ರವವನ್ನು ಒಳಕ್ಕೆ ಬಿಡುತ್ತದೆ, ಅದರ ಕೆಳಗಿನ ಪದರ ಅದನ್ನು ಅಗಲಕ್ಕೆ ಹರಡುತ್ತದೆ, ನಡುವೆ ಮರದ ತಿರುಳಿನ ನಾರು ಮತ್ತು ಸೋಡಿಯಂ ಪಾಲಿಅಕ್ರಿಲೇಟ್ ಎಂಬ ಹರಳುಗಳು ಇರುತ್ತವೆ, ಹೊರಗಿನ ಪ್ಲಾಸ್ಟಿಕ್ ಪದರ ಸೋರಿಕೆ ತಡೆಯುತ್ತದೆ. ಈ ಹೊರಪದರದ ಕಲ್ಪನೆಗೆ ಬೇರೆಯದೇ ಚರಿತ್ರೆಯಿದೆ: ಅಮೆರಿಕದ ಮೇರಿಯನ್ ಡೊನೊವನ್ ಎಂಬ ತಾಯಿ ಸ್ನಾನದ ಮನೆಯ ಪರದೆಯ ಬಟ್ಟೆಯಿಂದ ಮಗುವಿನ ಲಂಗೋಟಿಗೆ ಸೋರದ ಕವಚ ಹೊಲಿದು, 1951ರಲ್ಲಿ ಅದಕ್ಕೆ ಪೇಟೆಂಟ್ ಪಡೆದರು. ಹೀರುವ ಹರಳುಗಳ ಪೂರ್ವರೂಪ ಹುಟ್ಟಿದ್ದು ಮಣ್ಣಿನಲ್ಲಿ ತೇವ ಹಿಡಿದಿಡುವಂಥ ಉಪಯೋಗಗಳನ್ನು ಗಮನದಲ್ಲಿಟ್ಟುಕೊಂಡು. ಇಲಿನಾಯ್ಸ್ ರಾಜ್ಯದ ಪಿಯೋರಿಯಾದಲ್ಲಿರುವ ಅಮೆರಿಕದ ಕೃಷಿ ಇಲಾಖೆಯ ಪ್ರಯೋಗಾಲಯದಲ್ಲಿ ಪಿಷ್ಟವನ್ನು ಆಧಾರವಾಗಿ ಇಟ್ಟುಕೊಂಡು ನಡೆದ ಕೆಲಸ ಅದು. 1980ರ ದಶಕದಲ್ಲಿ ಇಂಥ ವಸ್ತು ಡೈಪರಿನೊಳಗೆ ಸೇರಿದ ಮೇಲೆ ಡೈಪರ್ ತೆಳುವಾಯಿತು.

ಈ ಹರಳು ಶುದ್ಧ ನೀರನ್ನಾದರೆ ತನ್ನ ತೂಕದ ನೂರಾರು ಪಟ್ಟು ಹೀರುತ್ತದೆ, ಮೂತ್ರದಲ್ಲಿ ಉಪ್ಪು ಇರುವುದರಿಂದ ಅದರ ಸಾಮರ್ಥ್ಯ ಹತ್ತಾರು ಪಟ್ಟಿಗೆ ಇಳಿಯುತ್ತದೆ. ಹತ್ತಿ ಬಟ್ಟೆ ಒತ್ತಿದರೆ ಹೀರಿದ್ದನ್ನು ಹಿಂದಕ್ಕೆ ಬಿಡುತ್ತದೆ. ಉಬ್ಬಿ ಅಂಟಿನಂತಾದ ಹರಳು ಮೈಭಾರ ಬಿದ್ದರೂ ಅಷ್ಟಾಗಿ ಬಿಡುವುದಿಲ್ಲ. ಆದರೆ ಹೀರಿದ ಮೂತ್ರ ಡೈಪರಿನಲ್ಲೇ ಇರುವುದರಿಂದ ಬ್ಯಾಕ್ಟೀರಿಯಾಗಳ ಕೆಲಸ ನಿಧಾನವಾಗಬಹುದೇ ವಿನಾ ನಿಲ್ಲುವುದಿಲ್ಲ. ಹನ್ನೆರಡು ಗಂಟೆ ಹೀರುತ್ತದೆಂದು ಪ್ಯಾಕೆಟ್ಟಿನ ಮೇಲೆ ಬರೆದಿದ್ದರೂ ಹನ್ನೆರಡು ಗಂಟೆ ಬಿಡಬಾರದು. ಹೊರಪದರದ ಮೇಲಿನ ಹಳದಿ ಗೆರೆ ನೀಲಿಗೆ ಅಥವಾ ಹಸಿರಿಗೆ ತಿರುಗುವ ಬಗೆಯ ಡೈಪರ್ ಆದರೆ ಆ ಗೆರೆ ಬಹುಪಾಲು ಬಣ್ಣ ಬದಲಿಸಿದಾಗ ತೆಗೆಯಿರಿ. ಗೆರೆ ಇಲ್ಲದಿದ್ದರೆ ಹಗಲಿನಲ್ಲಿ ಮೂರು ನಾಲ್ಕು ಗಂಟೆಗೊಮ್ಮೆ ಕೈಯಿಟ್ಟು ನೋಡಿ. ಮಲವಿಸರ್ಜನೆ ಆಗಿದ್ದರೆ ಒಂದು ಗಳಿಗೆಯೂ ಕಾಯಬೇಡಿ.

ಸೋರಿಕೆಗೆ ಬಹಳ ಸಲ ಕಾರಣ ಅಳತೆ. ದೊಡ್ಡದು ಹೆಚ್ಚು ಹೀರುತ್ತದೆಂದು ದೊಡ್ಡ ಅಳತೆಯದನ್ನು ಕೊಂಡರೆ ತೊಡೆಯ ಸಂದಿನಲ್ಲಿ ಸಡಿಲ ಉಳಿದು ಅಲ್ಲಿಂದಲೇ ಹರಿಯುತ್ತದೆ; ಸೊಂಟ ಮತ್ತು ಪೃಷ್ಠ ಎರಡನ್ನೂ ಟೇಪಿನಲ್ಲಿ ಅಳೆದು, ಹೆಚ್ಚು ಬಂದ ಅಳತೆಗೆ ಸರಿಹೋಗುವುದನ್ನು ಆರಿಸಿ. ಹಾಕುವಾಗ ರೋಗಿಯನ್ನು ಒಂದು ಮಗ್ಗುಲಿಗೆ ಹೊರಳಿಸಿ, ಡೈಪರನ್ನು ಉದ್ದಕ್ಕೆ ಮಡಚಿ ಹಿಂದಿನಿಂದ ಸೇರಿಸಿ, ಇನ್ನೊಂದು ಮಗ್ಗುಲಿಗೆ ಹೊರಳಿಸಿ ಬಿಡಿಸಿ. ಒಳಗಡೆ ಎರಡೂ ಅಂಚಿನಲ್ಲಿರುವ ನೆರಿಗೆಯ ತಡೆಗಳನ್ನು ಬೆರಳಿನಿಂದ ಎತ್ತಿ ನಿಲ್ಲಿಸಿದ ಮೇಲೆಯೇ ಟೇಪು ಅಂಟಿಸಬೇಕು; ಈ ತಡೆಗಳು ಒಳಕ್ಕೆ ಮಡಚಿಕೊಂಡರೆ ಎಷ್ಟು ಬೆಲೆಯ ಡೈಪರ್ ಆದರೂ ಸೋರುತ್ತದೆ. ಬಾಗಿಲು ಮುಚ್ಚಿ, ಏನು ಮಾಡುತ್ತಿದ್ದೀರಿ ಎಂದು ಅವರಿಗೆ ಹೇಳಿ, ಮೈಮೇಲೆ ಬಟ್ಟೆ ಹೊದಿಸಿಯೇ ಈ ಕೆಲಸ ಮಾಡಿ. ಮಾತು ನಿಂತಿರುವ ರೋಗಿಗೂ ನಾಚಿಕೆ ಇರುತ್ತದೆ.

ಮೂರನೆಯ ಹೆಜ್ಜೆ: ಚರ್ಮ

ಚರ್ಮದ ಮೇಲ್ಮೈ ಸಹಜವಾಗಿ ತುಸು ಆಮ್ಲೀಯ. ಅಮೋನಿಯಾ ಅದನ್ನು ಕ್ಷಾರದ ಕಡೆಗೆ ತಿರುಗಿಸಿದಾಗ ಮಲದಲ್ಲಿರುವ ಜೀರ್ಣಕಿಣ್ವಗಳು ಚುರುಕಾಗಿ ಚರ್ಮವನ್ನು ಕೊರೆಯುತ್ತವೆ. ಪ್ರತಿ ಸಲ ಬದಲಿಸುವಾಗ ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿ ಹಿಂಡಿದ ಮೆತ್ತನೆಯ ಬಟ್ಟೆಯಿಂದ ಮುಂದಿನಿಂದ ಹಿಂದಕ್ಕೆ ಒರೆಸಿ. ಹೆಂಗಸರಲ್ಲಿ ಇದು ವಿಶೇಷವಾಗಿ ಮುಖ್ಯ. ಬಟ್ಟೆಸೋಪು, ಡೆಟಾಲ್ ಬೇಡ. ಉಜ್ಜದೆ ಒತ್ತಿ ಒಣಗಿಸಿ, ಒಂದೆರಡು ನಿಮಿಷ ಗಾಳಿಗೆ ಬಿಟ್ಟು, ಜಿಂಕ್ ಆಕ್ಸೈಡ್ ಇರುವ ಮುಲಾಮನ್ನು ತೆಳುವಾಗಿ ಹಚ್ಚಿ. ದಪ್ಪಗೆ ಹಚ್ಚಿದರೆ ಅದು ಡೈಪರಿನ ಮೇಲ್ಪದರಕ್ಕೆ ಮೆತ್ತಿಕೊಂಡು ಹೀರುವ ದಾರಿಯನ್ನೇ ಮುಚ್ಚುತ್ತದೆ. ಪೌಡರ್ ಹಾಕಿದರೆ ಬೆವರಿನೊಂದಿಗೆ ಗಂಟುಕಟ್ಟಿ ಸಂದಿನಲ್ಲಿ ತರಚುತ್ತದೆ.

ನಾಲ್ಕನೆಯ ಹೆಜ್ಜೆ: ಹಾಸಿಗೆಗೆ ಇಳಿದಿದ್ದರೆ

ಮೊದಲು ಒಣ ಬಟ್ಟೆಯನ್ನು ಮೇಲಿಟ್ಟು ಅಂಗೈ ಊರಿ ಒತ್ತಿ, ಬಟ್ಟೆ ಬದಲಿಸುತ್ತ ಆದಷ್ಟನ್ನೂ ಹೊರತೆಗೆಯಿರಿ. ಉಜ್ಜಿದರೆ ಕಲೆ ಅಗಲವಾಗಿ ಒಳಕ್ಕೂ ಇಳಿಯುತ್ತದೆ. ಬಳಿಕ ತಣ್ಣೀರು ಚಿಮುಕಿಸಿ ಮತ್ತೆ ಒತ್ತಿ ತೆಗೆಯಿರಿ. ಬಿಳಿ ವಿನೆಗರ್ ಮತ್ತು ನೀರನ್ನು ಸಮ ಪ್ರಮಾಣದಲ್ಲಿ ಬೆರೆಸಿ ಸಿಂಪಡಿಸಿದರೆ ಅದರ ಆಮ್ಲ ಅಮೋನಿಯಾವನ್ನು ಲವಣವಾಗಿಸಿ ಗಾಳಿಗೆ ಏಳದಂತೆ ಮಾಡುತ್ತದೆ. ಹತ್ತು ನಿಮಿಷ ಬಿಟ್ಟು ಒತ್ತಿ ತೆಗೆದು, ಒಣಗುತ್ತ ಬಂದಾಗ ಅಡುಗೆ ಸೋಡಾ ಉದುರಿಸಿ ಕೆಲವು ಗಂಟೆಗಳ ನಂತರ ಗುಡಿಸಿ. ವಿನೆಗರ್ ಮತ್ತು ಸೋಡಾವನ್ನು ಒಟ್ಟಿಗೆ ಬೆರೆಸಿ ನೊರೆ ಬರಿಸಿ ಹಚ್ಚಬೇಕೆಂದು ಹೇಳುವ ವಿಡಿಯೊಗಳನ್ನು ನಂಬಬೇಡಿ, ಒಂದು ಇನ್ನೊಂದರ ಶಕ್ತಿಯನ್ನು ಕಳೆದು ಕೊನೆಗೆ ಉಳಿಯುವುದು ಉಪ್ಪುನೀರಿನಂಥ ದ್ರಾವಣ ಮಾತ್ರ.

ಹಳೆಯ ಕಲೆಗೆ ಕಿಣ್ವವಿರುವ ಕ್ಲೀನರ್ ಹೆಚ್ಚು ಫಲಕಾರಿ. ಕಿಣ್ವದಿಂದ ಕೊಳೆ ತೆಗೆಯುವ ಪ್ರಯತ್ನ ಹೊಸದಲ್ಲ. ಜರ್ಮನಿಯ ಓಟೋ ರೋಮ್ 1913ರಲ್ಲಿಯೇ ಪ್ರಾಣಿಗಳ ಮೇದೋಜೀರಕ ಗ್ರಂಥಿಯ ಕಿಣ್ವ ಬಳಸಿ ಬಟ್ಟೆ ತೊಳೆಯುವ ಪುಡಿಗೆ ಪೇಟೆಂಟ್ ಪಡೆದಿದ್ದರು. ಕಿಣ್ವಕ್ಕೆ ತೇವ ಮತ್ತು ಸಮಯ ಎರಡೂ ಬೇಕು. ಸಿಂಪಡಿಸಿದ ಕೂಡಲೇ ಒರೆಸಿದರೆ ಹಣ ದಂಡ. ಕಲೆಯ ಆಳಕ್ಕೆ ಇಳಿಯುವಷ್ಟು ನೆನೆಸಿ, ಬಾಟಲಿಯಲ್ಲಿ ಹೇಳಿದಷ್ಟು ಹೊತ್ತು ಬಿಡಿ. ಕುದಿನೀರು ಮತ್ತು ಬ್ಲೀಚ್ ಕಿಣ್ವವನ್ನು ನಾಶಮಾಡುವುದರಿಂದ ಜೊತೆಗೆ ಬಳಸಬೇಡಿ. ಕೊನೆಗೆ ಹಾಸಿಗೆಯನ್ನು ಬಿಸಿಲಿನಲ್ಲಿ ಎರಡೂ ಮಗ್ಗುಲು ಚೆನ್ನಾಗಿ ಒಣಗಿಸಿ. ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ಫ್ಯಾನಿನ ಕೆಳಗೆ ಗೋಡೆಗೆ ಒರಗಿಸಿ ನಿಲ್ಲಿಸುವುದೇ ದಾರಿ. ಹತ್ತಿಯ ಹಾಸಿಗೆಯ ನಡುವಿನವರೆಗೂ ಇಳಿದಿದ್ದರೆ ಹೊಲಿಗೆ ಬಿಚ್ಚಿ ಆ ಭಾಗದ ಹತ್ತಿಯನ್ನು ಬದಲಿಸುವುದು ಒಳ್ಳೆಯದು.

ಐದನೆಯ ಹೆಜ್ಜೆ: ಬಟ್ಟೆ, ಪಾತ್ರೆ, ನೆಲ

ಒದ್ದೆಯಾದ ಬಟ್ಟೆಯನ್ನು ಮೂಲೆಯಲ್ಲಿ ರಾಶಿ ಹಾಕದೆ ಆಗಿಂದಾಗಲೇ ತಣ್ಣೀರಿನಲ್ಲಿ ಜಾಲಿಸಿಡಿ, ಆಮೇಲೆ ಬಿಸಿನೀರು ಮತ್ತು ಡಿಟರ್ಜೆಂಟಿನಲ್ಲಿ ತೊಳೆಯಿರಿ. ಮೆತ್ತಗಾಗಲೆಂದು ಹಾಕುವ ಕಂಡೀಷನರ್ ನೂಲಿನ ಮೇಲೆ ಜಿಡ್ಡಿನ ಪದರ ಬಿಟ್ಟು ಬಟ್ಟೆಯ ಹೀರುವ ಗುಣವನ್ನು ಕುಗ್ಗಿಸುತ್ತದೆ. ಯೂರಿನ್ ಪಾಟ್, ಬೆಡ್‌ಪ್ಯಾನುಗಳ ತಳದಲ್ಲಿ ಕಟ್ಟುವ ಬಿಳಿ ಗಾರು ವಿನೆಗರಿನಲ್ಲಿ ನೆನೆಸಿದರೆ ಬಿಡುತ್ತದೆ. ಆದರೆ ಅದೇ ವಿನೆಗರನ್ನು ಮಾರ್ಬಲ್, ಮೊಸಾಯಿಕ್ ಅಥವಾ ಕಡಪ ಕಲ್ಲಿನ ನೆಲಕ್ಕೆ ಹಾಕಬೇಡಿ, ಸುಣ್ಣದ ಅಂಶವಿರುವ ಇವೆಲ್ಲ ಆಮ್ಲಕ್ಕೆ ಹೊಳಪು ಕಳೆದುಕೊಳ್ಳುತ್ತವೆ. ಅಲ್ಲಿ ಸೋಪಿನ ನೀರು ಸಾಕು.

ಇಲ್ಲಿ ಒಂದು ಅಪಾಯವನ್ನು ಒತ್ತಿ ಹೇಳಬೇಕು. ಮೂತ್ರ ನಿಂತ ಜಾಗಕ್ಕೆ ನೇರವಾಗಿ ಬ್ಲೀಚ್ ಸುರಿದರೆ ಅಲ್ಲಿನ ಅಮೋನಿಯಾದೊಂದಿಗೆ ಸೇರಿ ಕ್ಲೋರಮೀನ್ ಎಂಬ ವಿಷಾನಿಲ ಏಳುತ್ತದೆ. ಬ್ಲೀಚಿನ ಜೊತೆ ವಿನೆಗರನ್ನೋ ಆಮ್ಲವಿರುವ ಟಾಯ್ಲೆಟ್ ಕ್ಲೀನರನ್ನೋ ಬೆರೆಸಿದರೆ ಕ್ಲೋರಿನ್ ಅನಿಲವೇ ಬರುತ್ತದೆ. ಎದ್ದು ಹೊರಗೆ ಹೋಗಲಾರದವರು ಮಲಗಿರುವ ಕೋಣೆಯಲ್ಲಿ ಇದು ಪ್ರಾಣಕ್ಕೇ ಎರವಾಗಬಹುದು. ಬ್ಲೀಚ್ ಬೇಕೇಬೇಕೆಂದರೆ ಮೊದಲು ನೆಲವನ್ನು ಸೋಪಿನಿಂದ ತೊಳೆದು ನೀರು ಹಾಕಿ ತೆಗೆದು, ಕಿಟಕಿ ತೆರೆದು, ತಿಳಿಯಾಗಿ ಕಲಸಿ ಬಳಸಿ. ಉಬ್ಬಸ ಇರುವವರ ಕೋಣೆಯಲ್ಲಿ ಊದಿನಕಡ್ಡಿಯ ಹೊಗೆಯೂ ಸ್ಪ್ರೇಗಳೂ ಬೇಡ, ಬೆಳಗ್ಗೆ ಸಂಜೆ ಎದುರುಬದುರಿನ ಕಿಟಕಿ ಬಾಗಿಲು ತೆರೆದಿಡುವುದು ಅವೆಲ್ಲಕ್ಕಿಂತ ಮೇಲು.

ಆರನೆಯ ಹೆಜ್ಜೆ: ಬಳಸಿದ ಡೈಪರಿನ ವಿಲೇವಾರಿ

ಮಲವಿದ್ದರೆ ಅದನ್ನು ಶೌಚಾಲಯಕ್ಕೆ ಹಾಕಿ, ಡೈಪರನ್ನು ಒಳಮುಖವಾಗಿ ಬಿಗಿಯಾಗಿ ಸುತ್ತಿ ಅದರದೇ ಟೇಪಿನಿಂದ ಅಂಟಿಸಿ, ಹಳೆಯ ಪತ್ರಿಕೆಯಲ್ಲಿ ಕಟ್ಟಿ, ಮೇಲೆ ಕೆಂಪು ಗುರುತು ಹಾಕಿ. ಇಂಥ ಕಸವನ್ನು ಸುತ್ತಿ ಕೊಡಬೇಕೆಂದು 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳಲ್ಲೇ ಹೇಳಲಾಗಿತ್ತು. ಬೆಂಗಳೂರಿನಲ್ಲಿ ಹಸಿ ಕಸ, ಒಣ ಕಸಗಳಿಂದ ಬೇರೆಯಾಗಿಯೇ ಇದನ್ನು ಕೊಡಬೇಕು. ಗುರುತಿಲ್ಲದ ಪೊಟ್ಟಣವನ್ನು ಪೌರಕಾರ್ಮಿಕರು ಬರಿಗೈಯಲ್ಲಿ ಬಿಚ್ಚಿ ನೋಡಬೇಕಾಗುತ್ತದೆ, ಅದು ಅವರಿಗೆ ನಾವು ಮಾಡುವ ಅವಮಾನ. ಡೈಪರನ್ನು ಕಮೋಡಿಗೆ ಹಾಕಿದರೆ ಹರಳು ಉಬ್ಬಿ ಪೈಪು ಕಟ್ಟಿಕೊಳ್ಳುತ್ತದೆ. ಹಿತ್ತಲಲ್ಲಿ ಸುಟ್ಟರೆ ಪ್ಲಾಸ್ಟಿಕ್ ಹೊಗೆ ಮತ್ತೆ ಅದೇ ಕೋಣೆಗೆ ಬರುತ್ತದೆ.

ದಿನವಿಡೀ ಅದೇ ಕೋಣೆಯಲ್ಲಿರುವವರ ಮೂಗು ವಾಸನೆಗೆ ಒಗ್ಗಿಹೋಗಿ, ಎಲ್ಲ ಸರಿಯಿದೆ ಎಂಬ ಭ್ರಮೆ ಹುಟ್ಟುತ್ತದೆ. ಆದ್ದರಿಂದ ಅಂಗಡಿಗೋ ಕೆಲಸಕ್ಕೋ ಹೋಗಿ ಬಂದ ಕೂಡಲೇ ಕೋಣೆಯ ಬಾಗಿಲಲ್ಲಿ ನಿಂತು ಉಸಿರೆಳೆದು ನೋಡಿ, ವಾಸನೆ ಬಂದರೆ ಹೊದಿಕೆ, ಹಾಸಿಗೆಯ ಅಂಚು, ಮಂಚದ ಸಂದು, ಗಾಲಿಕುರ್ಚಿಯ ದಿಂಬು ಹೀಗೆ ಒಂದೊಂದಾಗಿ ಹುಡುಕಿ. ಇಷ್ಟೆಲ್ಲ ಮಾಡಿದ ಮೇಲೂ ಮೂತ್ರದ ವಾಸನೆ ದಿಢೀರನೆ ಬದಲಾಗಿ, ಜೊತೆಗೆ ಜ್ವರ, ಉರಿ, ಮೂತ್ರ ಮಸುಕಾಗುವುದು ಅಥವಾ ಹಿರಿಯರು ಇದ್ದಕ್ಕಿದ್ದಂತೆ ಗೊಂದಲದ ಮಾತಾಡುವುದು ಕಂಡುಬಂದರೆ ಅದು ಸೋಂಕಿನ ಲಕ್ಷಣ ಆಗಿರಬಹುದು; ಶುಚಿಗೊಳಿಸುವ ಕೆಲಸವನ್ನು ಬದಿಗಿಟ್ಟು ಅದೇ ದಿನ ವೈದ್ಯರಿಗೆ ತಿಳಿಸಿ.